ಅಭಿಮಾನದ ಬೆಲೆ: ಹತ್ತೊಂಬತ್ತನೆಯ ಶತಮಾನದ ಮೂರು ನಿದರ್ಶನಗಳು

ಪ್ರಸಿದ್ಧ ನಟನನ್ನೋ ಗಾಯಕಿಯನ್ನೋ ಲೇಖಕನನ್ನೋ ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ಅಭಿಮಾನಿಯು ಎಷ್ಟು ಹಣವನ್ನು ವೆಚ್ಚಮಾಡುವುದು ಯುಕ್ತ? ಈ ಪ್ರಶ್ನೆಯನ್ನು ಕೇವಲ ನೀತಿಯ ಪ್ರಶ್ನೆಯೆಂದು ಭಾವಿಸಿ, ಮಿತವ್ಯಯದ ಹಿತೋಪದೇಶವೊಂದನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಇದಕ್ಕೆ ಒಂದು ಚರಿತ್ರೆಯೂ ಉಂಟು. ಕಲಾವಿದರು ಅರಸರ ಹಾಗೂ ಸಿರಿವಂತರ ಆಶ್ರಯದಲ್ಲಿದ್ದಷ್ಟು ಕಾಲ ಅವರಿಗೆ ಸಲ್ಲುತ್ತಿದ್ದುದು ಸಂಭಾವನೆ. ಅದನ್ನು ಕೊಡುವವನು ಒಬ್ಬನೇ, ಕೊಡುವಷ್ಟು ಶಕ್ತಿಯೂ ಅವನಿಗಿತ್ತು. ಆಶ್ರಯವು ಅರಮನೆಯಿಂದ ಸಾರ್ವಜನಿಕರ ಕೈಗೆ ಬಂದಾಗ ಸಂಭಾವನೆಯ ಸ್ಥಾನದಲ್ಲಿ ಪ್ರವೇಶ ಚೀಟಿ ಬಂದಿತು. ಚೀಟಿಯ ಬೆಲೆಯನ್ನು ಗೊತ್ತುಮಾಡುವವರು ಯಾರು, ಆ ಬೆಲೆಯನ್ನು ತೆರಲಾರದ ಅಭಿಮಾನಿಯ ಗತಿಯೇನು ಎಂಬ ಪ್ರಶ್ನೆಗಳು ಅಂದಿನಿಂದ ಮೊದಲಾದವು.

ಪ್ರಕೃತ ಲೇಖನದಲ್ಲಿ ನಾವು ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ೧೮೦೯ ರಿಂದ ೧೮೬೮ರ ಅವಧಿಯಲ್ಲಿ ನಡೆದ ಮೂರು ಪ್ರಸಂಗಗಳನ್ನು ಪರಿಶೀಲಿಸುತ್ತೇವೆ. ಒಂದರಲ್ಲಿ ಬೆಲೆಯನ್ನು ಪ್ರೇಕ್ಷಕರ ಪ್ರತಿಭಟನೆಯು ನಿರ್ಧರಿಸಿತು. ಇನ್ನೊಂದರಲ್ಲಿ ಹರಾಜು ನಿರ್ಧರಿಸಿತು. ಮೂರನೆಯದರಲ್ಲಿ ಕಲಾವಿದನೇ ಬೆಲೆಯನ್ನು ಗೊತ್ತುಮಾಡಿದನು. ಇವುಗಳನ್ನು ಜೊತೆಯಲ್ಲಿಟ್ಟು ನೋಡಿದರೆ, ನೋಡುವುದಕ್ಕಾಗಿ ತೆರುವ ಬೆಲೆ ಬೇರೆ, ನೋಡಿಸಿಕೊಳ್ಳುವುದಕ್ಕಾಗಿ ತೆರುವ ಬೆಲೆ ಬೇರೆ ಎಂಬ ಅಂಶವು ಸ್ಪಷ್ಟವಾಗುವುದೆಂದು ನಮ್ಮ ಅಭಿಪ್ರಾಯ.

೧

ಲಂಡನ್ ನಗರದ ಕವೆಂಟ್ ಗಾರ್ಡನ್ ನಾಟಕಶಾಲೆಯು ೧೮೦೮ರ ಸೆಪ್ಟೆಂಬರ್ ೨೦ರಂದು ಬೆಂಕಿಗೆ ಆಹುತಿಯಾಯಿತು. ಅದರ ವ್ಯವಸ್ಥಾಪಕನೂ ಅಂದಿನ ಪ್ರಖ್ಯಾತ ನಟನೂ ಆಗಿದ್ದ ಜಾನ್ ಫಿಲಿಪ್ ಕೆಂಬಲ್ ಒಂದು ವರ್ಷದೊಳಗಾಗಿ ಹೊಸ ಕಟ್ಟಡವನ್ನು ನಿಲ್ಲಿಸಿ, ೧೮೦೯ರ ಸೆಪ್ಟೆಂಬರ್ ೧೮ರಂದು ಮ್ಯಾಕ್‌ಬೆತ್ ನಾಟಕದೊಡನೆ ಅದನ್ನು ತೆರೆದನು. ಕಟ್ಟಡದ ವೆಚ್ಚವನ್ನು ತುಂಬಿಕೊಳ್ಳುವ ಸಲುವಾಗಿ ಬಾಕ್ಸುಗಳ ದರವನ್ನು ೬ ಷಿಲಿಂಗಿನಿಂದ ೭ ಷಿಲಿಂಗಿಗೂ, ಕೆಳಗಣ ಅಂಕಣದ ದರವನ್ನು ೩ ಷಿಲಿಂಗ್ ೬ ಪೆನ್ಸಿನಿಂದ ೪ ಷಿಲಿಂಗಿಗೂ ಏರಿಸಲಾಗಿತ್ತು. ಮೇಲಣ ಗ್ಯಾಲರಿಯ ದರವೇನೋ ಏರಲಿಲ್ಲ. ಆದರೆ ಮೂರನೆಯ ಅಂತಸ್ತನ್ನು ವರ್ಷದ ಬಾಡಿಗೆಗೆ ಕೊಡುವ ಖಾಸಗಿ ಬಾಕ್ಸುಗಳನ್ನಾಗಿ ಮಾರ್ಪಡಿಸಿದ್ದರಿಂದ ಬಡ ಪ್ರೇಕ್ಷಕನು ಇನ್ನೂ ಮೇಲಕ್ಕೆ ತಳ್ಳಲ್ಪಟ್ಟಿದ್ದನು. ಅಲ್ಲಿ ಕುಳಿತವನಿಗೆ ನಟರ ಕಾಲುಗಳಲ್ಲದೆ ಮತ್ತೇನೂ ಕಾಣುವುದಿಲ್ಲವೆಂಬುದು ಪ್ರತಿಭಟಿಸಿದವರ ಒಂದು ದೂರು.

ಏರಿಕೆಯು ಅಂಕಣದಲ್ಲಿ ಕೇವಲ ೬ ಪೆನ್ಸ್. ಇಷ್ಟಕ್ಕಾಗಿ ನಡೆದ ಗಲಭೆಯು ೬೭ ರಾತ್ರಿಗಳ ಕಾಲ ಮುಂದುವರಿಯಿತು. ಪ್ರೇಕ್ಷಕರು ರಂಗಕ್ಕೆ ಬೆನ್ನು ತಿರುಗಿಸಿ ನಿಂತರು. ಗಿಲಕಿ, ಗಂಟೆ, ತುತ್ತೂರಿಗಳ ಸದ್ದಿನಲ್ಲಿ ನಟರ ಒಂದು ಮಾತೂ ಕೇಳದಂತಾಯಿತು. ‘ಹಳೆಯ ದರ’ ಎಂಬ ಬರಹದ ಫಲಕಗಳು ಎಲ್ಲೆಡೆಯೂ ಕಂಡವು. ಕೆಂಬಲ್ ಮೊದಲು ಲೆಕ್ಕಪತ್ರಗಳ ಪರಿಶೀಲನೆಗೆ ಒಂದು ಸಮಿತಿಯನ್ನು ನೇಮಿಸಿದನು. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರನೂ ಇದ್ದ ಆ ಸಮಿತಿಯು ಲಾಭವು ಸಾಧಾರಣವೇ ಎಂದು ವರದಿ ಮಾಡಿದರೂ ಪ್ರೇಕ್ಷಕರು ನಂಬಲಿಲ್ಲ. ಬಳಿಕ ಅವನು ಬಾಡಿಗೆಯ ಮುಷ್ಟಿಮಲ್ಲರನ್ನು ಕರೆಸಿದನು; ಅದರಿಂದ ಕ್ರೋಧವು ಹೆಚ್ಚಿತೇ ಹೊರತು ತಗ್ಗಲಿಲ್ಲ. ಅಪಾರ ವೇತನಕ್ಕೆ ಗೊತ್ತುಮಾಡಿದ್ದ ಇಟಲಿಯ ಗಾಯಕಿ ಏಂಜೆಲಿಕಾ ಕ್ಯಾಟಲಾನಿಯ ಒಪ್ಪಂದವನ್ನೂ ಕೈಬಿಡಬೇಕಾಯಿತು. ಕಡೆಗೆ ಡಿಸೆಂಬರ್ ತಿಂಗಳಿನಲ್ಲಿ ರಾಜಿಯಾಯಿತು. ಅಂಕಣದ ದರವು ೩ ಷಿಲಿಂಗ್ ೬ ಪೆನ್ಸಿಗೆ ಇಳಿಯಿತು; ಖಾಸಗಿ ಬಾಕ್ಸುಗಳ ಸಂಖ್ಯೆಯನ್ನು ಕಡಮೆ ಮಾಡಲು ಕೆಂಬಲ್ ಒಪ್ಪಿದನು; ಬಾಕ್ಸಿನ ದರ ಮಾತ್ರ ೭ ಷಿಲಿಂಗಿನಲ್ಲಿಯೇ ನಿಂತಿತು.

ಈ ರಾಜಿಯ ಸ್ವರೂಪವು ಗಮನಾರ್ಹವಾದುದು. ಸಿರಿವಂತನು ತೆರುವ ಏರಿಕೆಯನ್ನು ಪ್ರೇಕ್ಷಕರು ಸಹಿಸಿದರು. ಸಾಮಾನ್ಯನ ಮೇಲೆ ಬಿದ್ದ ೬ ಪೆನ್ಸನ್ನೂ, ಸಾಮಾನ್ಯನ ಸ್ಥಳವನ್ನು ಕಿತ್ತುಕೊಂಡ ಖಾಸಗಿ ಬಾಕ್ಸನ್ನೂ ಸಹಿಸಲಿಲ್ಲ. ಕೆಂಬಲ್ ಚೀಟಿಯನ್ನು ಮಾರಾಟದ ಸರಕೆಂದು ಬಗೆದಿದ್ದನು; ಪ್ರೇಕ್ಷಕರು ಅದನ್ನು ಬಹುಕಾಲದ ರೂಢಿಯಿಂದ ಬಂದ ಹಕ್ಕೆಂದು ಬಗೆದಿದ್ದರು. ಅವರಿಗೆ ನಟರ ಮೇಲೆ ಅಭಿಮಾನ ಕಡಮೆಯಿತ್ತೆಂದು ತಿಳಿಯಬೇಕಾಗಿಲ್ಲ. ಅಭಿಮಾನವಿದ್ದ ಮಾತ್ರಕ್ಕೆ ಕೇಳಿದಷ್ಟನ್ನು ಕೊಡಬೇಕೆಂಬುದನ್ನು ಅವರು ಒಪ್ಪಲಿಲ್ಲ, ಅಷ್ಟೆ.

೨

ನಲವತ್ತು ವರ್ಷಗಳ ತರುವಾಯ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ ಇದಕ್ಕೆ ತೀರ ವಿರುದ್ಧವಾದ ದೃಶ್ಯವೊಂದು ಕಾಣಬರುತ್ತದೆ. ಸ್ವೀಡನ್ ದೇಶದ ಗಾಯಕಿ ಜೆನ್ನಿ ಲಿಂಡ್ ಯೂರೋಪಿನಲ್ಲೆಲ್ಲ ಕೀರ್ತಿ ಗಳಿಸಿ, ೧೮೪೯ರಲ್ಲಿ ಸಂಗೀತ ನಾಟಕರಂಗದಿಂದ ನಿವೃತ್ತಳಾಗಿದ್ದಳು. ನ್ಯೂಯಾರ್ಕಿನಲ್ಲಿ ವಿಚಿತ್ರ ವಸ್ತುಗಳ ಪ್ರದರ್ಶನಶಾಲೆಯನ್ನು ನಡೆಸುತ್ತಿದ್ದ ಪಿ. ಟಿ. ಬಾರ್ನಮ್ ಅವಳ ಹಾಡನ್ನು ಒಮ್ಮೆಯೂ ಕೇಳದೆಯೇ ೧೮೫೦ರ ಜನವರಿಯಲ್ಲಿ ಅವಳೊಡನೆ ಒಪ್ಪಂದ ಮಾಡಿಕೊಂಡನು. ೧೫೦ ಕಚೇರಿಗಳವರೆಗೆ ಕಚೇರಿಯೊಂದಕ್ಕೆ ೧,೦೦೦ ಡಾಲರ್. ಜೊತೆಯ ಇಬ್ಬರು ಸಂಗೀತಗಾರರಿಗೆ ೩೭,೫೦೦ ಡಾಲರ್. ಒಟ್ಟು ೧,೮೭,೫೦೦ ಡಾಲರುಗಳನ್ನು ಅವನು ಮುಂಚಿತವಾಗಿಯೇ ಠೇವಣಿ ಇಡಬೇಕಾಯಿತು. ಅಮೆರಿಕದ ಬಹುಜನರಿಗೆ ಅವಳ ಹೆಸರೇ ತಿಳಿದಿರಲಿಲ್ಲ. ಅವಳ ಕಂಠಕ್ಕಿಂತ ಹೆಚ್ಚಾಗಿ ಅವಳ ಸರಳ ಜೀವನವನ್ನೂ ದಾನಶೀಲತೆಯನ್ನೂ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವರ್ಣಿಸಿ, ಅಭಿಮಾನವನ್ನು ಮೊದಲು ಬೆಳೆಸಿ ಆಮೇಲೆ ಚೀಟಿಯನ್ನು ಮಾರುವುದು ಬಾರ್ನಮ್ಮನ ಕ್ರಮವಾಗಿತ್ತು. ೧೮೫೦ರ ಸೆಪ್ಟೆಂಬರ್ ೧ರಂದು ಅವಳ ಹಡಗು ನ್ಯೂಯಾರ್ಕ್ ತಲಪಿದಾಗ ರೇವಿನಲ್ಲಿ ಸಹಸ್ರಾರು ಜನರು ಕಾದು ನಿಂತಿದ್ದರು.

ಮೊದಲ ಕಚೇರಿಯು ಸೆಪ್ಟೆಂಬರ್ ೧೧ರಂದು ಕಾಸಲ್ ಗಾರ್ಡನ್ ಎಂಬ ಸಭಾಂಗಣದಲ್ಲಿ ನಡೆಯಿತು. ಅದಕ್ಕೆ ನಾಲ್ಕು ದಿನ ಮುಂಚೆ ಚೀಟಿಗಳನ್ನು ಹರಾಜಿಗೆ ಇಡಲಾಯಿತು. ಹರಾಜು ನೋಡಲು ಬಂದವರಿಂದಲೂ ಪ್ರವೇಶ ಶುಲ್ಕವನ್ನು ತೆಗೆದುಕೊಳ್ಳಲಾಯಿತು. ಮೊದಲ ಚೀಟಿಯನ್ನು ಟೋಪಿಯ ವ್ಯಾಪಾರಿಯಾದ ಜಾನ್ ಜೆನಿನ್ ಎಂಬಾತನು ೨೨೫ ಡಾಲರಿಗೆ ಕೊಂಡನು. ಬಾರ್ನಮ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿರುವಂತೆ, ಮೊದಲ ಚೀಟಿಯನ್ನು ಕೊಂಡವನ ಹೆಸರು ದೇಶವೆಲ್ಲ ಹಬ್ಬುವುದೆಂದು ಜೆನಿನನಿಗೂ, ಗುಳಿಗೆಗಳನ್ನು ತಯಾರಿಸಿ ಮಾರುತ್ತಿದ್ದ ಬ್ರಾಂಡ್ರೆತ್ ಎಂಬಾತನಿಗೂ ಅವನೇ ಪ್ರತ್ಯೇಕವಾಗಿ ಸೂಚಿಸಿದ್ದನು. ಆ ದಿನ ಸುಮಾರು ೧,೦೦೦ ಚೀಟಿಗಳು ೧೦,೧೪೧ ಡಾಲರುಗಳಿಗೆ ಮಾರಾಟವಾದುವೆಂದು ಅವನೇ ಲೆಕ್ಕ ಕೊಡುತ್ತಾನೆ. ಸರಾಸರಿ ಒಂದಕ್ಕೆ ೧೦ ಡಾಲರಿಗೂ ಮೇಲಾಯಿತು. ಆ ಕಾಲದ ಅಮೆರಿಕದಲ್ಲಿ ಸಾಮಾನ್ಯ ಕೂಲಿಯವನ ದಿನಗೂಲಿ ಸುಮಾರು ಒಂದು ಡಾಲರ್. ಒಂದು ಸಂಜೆಯ ಗಾನಕ್ಕೆ ಹತ್ತು ದಿನಗಳ ದುಡಿಮೆ. ಜೆನಿನನ ಒಂದು ಚೀಟಿಗೆ ಏಳು ತಿಂಗಳಿಗೂ ಮೀರಿದ ದುಡಿಮೆ.

ಮುಂದಣ ಊರುಗಳಲ್ಲಿ ಈ ಸ್ಪರ್ಧೆ ಏರುತ್ತಲೇ ಹೋಯಿತು. ಬಾಸ್ಟನ್ನಿನಲ್ಲಿ ಹಾಸ್ಯಗಾಯಕ ಆಸಿಯನ್ ಡಾಡ್ಜ್ ೬೨೫ ಡಾಲರ್ ತೆತ್ತನು. ಫಿಲಡೆಲ್ಫಿಯದಲ್ಲಿ ಛಾಯಾಚಿತ್ರಗಾರ ರೂಟ್ ಅಷ್ಟನ್ನೇ ತೆತ್ತನು. ಪ್ರಾವಿಡೆನ್ಸ್ ನಗರದಲ್ಲಿ ರಾಸ್ ಎಂಬಾತನು ೬೫೦ ಡಾಲರ್ ತೆತ್ತನು. ಹೀಗೆ ಹಣ ಸುರಿದವರ ವೃತ್ತಿಗಳನ್ನು ಗಮನಿಸಬೇಕು: ಟೋಪಿಯ ವ್ಯಾಪಾರಿ, ಹಾಸ್ಯಗಾಯಕ, ಛಾಯಾಚಿತ್ರಗಾರ. ಇವರೆಲ್ಲರೂ ಸಾರ್ವಜನಿಕರ ಕಣ್ಣಿಗೆ ಬೀಳಬೇಕಾದವರು. ಬಾರ್ನಮ್ ತನ್ನನ್ನು ಗಾಯಕಿಗೆ ಪರಿಚಯ ಮಾಡಿಕೊಡುತ್ತಿರುವಂತೆ ಡಾಡ್ಜ್ ಚಿತ್ರವನ್ನು ಅಚ್ಚು ಹಾಕಿಸಿ ತನ್ನ ಕಚೇರಿಗಳಿಗೆ ಜನರನ್ನು ಸೆಳೆದನು. ಜೆನಿನನ ಟೋಪಿಗಳ ಮಾರಾಟವು ಹಲವು ವರ್ಷಗಳ ಕಾಲ ಬೆಳೆಯಿತೆಂದು ಬಾರ್ನಮ್ ಬರೆದಿದ್ದಾನೆ. ಎಲ್ಲರಿಗಿಂತ ಹೆಚ್ಚು ತೆತ್ತ ರಾಸ್ ಕಚೇರಿಗೆ ಹೋಗಲೇ ಇಲ್ಲವೆಂಬ ಮಾತೂ ಪ್ರಚಲಿತವಾಗಿದೆ. ಆದುದರಿಂದ ಈ ಮೊತ್ತಗಳನ್ನು ಅಭಿಮಾನದ ಅಳತೆಯೆಂದು ಭಾವಿಸುವುದು ಸರಿಯಲ್ಲ. ಇವು ಜಾಹೀರಾತಿನ ವೆಚ್ಚಗಳು. ನಿಜವಾದ ಹಾನಿಯು ಒದಗಿದುದು, ಆ ಮೊತ್ತಗಳ ಸುದ್ದಿಯನ್ನು ಓದಿ ತಾನೂ ಒಂದು ಚೀಟಿಗಾಗಿ ವಾರದ ಸಂಬಳವನ್ನು ತಂದ ಸಾಧಾರಣ ಗೃಹಸ್ಥನಿಗೆ. ಅವನಿಗೆ ಮಾರುವುದಕ್ಕೆ ಟೋಪಿಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ೧೮೫೦ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಫಿಚ್‌ಬರ್ಗ್ ರೈಲುನಿಲ್ದಾಣದ ಸಭಾಂಗಣದಲ್ಲಿ ಜನಸಂದಣಿ ಮಿತಿಮೀರಿ, ಚೀಟಿ ಕೊಂಡವರಲ್ಲಿ ಅನೇಕರಿಗೆ ಹಾಡು ಕೇಳಿಸದೆ ದೊಡ್ಡ ಗದ್ದಲವಾಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಲಿಂಡ್ ನ್ಯೂಯಾರ್ಕಿನ ಮೊದಲ ಕಚೇರಿಯಿಂದ ತನಗೆ ಬರಬಹುದಾದ ಪಾಲೆಂದು ಎಣಿಸಿದ ೧೦,೦೦೦ ಡಾಲರುಗಳನ್ನು ನಗರದ ಧರ್ಮಸಂಸ್ಥೆಗಳಿಗೆ ಹಂಚಿದಳು. ಸ್ವೀಡನ್ನಿನ ಶಾಲೆಗಳಿಗಾಗಿಯೂ ಆಕೆ ಅಪಾರವಾಗಿ ಕೊಟ್ಟಳು. ಹಣವು ಸತ್ಕಾರ್ಯಕ್ಕೆ ಸಲ್ಲುವುದಾದರೆ ಬೆಲೆ ಎಷ್ಟಿದ್ದರೇನು? ಆಕೆಯ ಔದಾರ್ಯವು ನಿರ್ವಿವಾದವಾದುದು. ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಬಾರ್ನಮ್ಮನ ಆಶ್ರಯದಲ್ಲಿ ನಡೆದ ೯೫ ಕಚೇರಿಗಳ ಒಟ್ಟು ಹುಟ್ಟುವಳಿ ೭,೧೨,೧೬೧ ಡಾಲರ್. ಅದರಲ್ಲಿ ಗಾಯಕಿಗೆ ಸಂದುದು ೧,೭೬,೬೭೫. ಬಾರ್ನಮ್ಮನ ಪಾಲಿಗೆ, ವೆಚ್ಚಗಳೂ ಸೇರಿ, ೫,೩೫,೪೮೬. ಅಭಿಮಾನಿಯು ಗಾಯಕಿಗೆಂದು ಕೊಟ್ಟ ಪ್ರತಿಯೊಂದು ಡಾಲರಿನಲ್ಲಿ ಅವಳಿಗೆ ತಲಪಿದುದು ಕಾಲುಭಾಗ. ಅದೂ ಅಲ್ಲದೆ, ದಾನವು ಬಡವನಿಗೆ ಅನ್ನವನ್ನು ಕೊಡಬಲ್ಲುದು. ಕಚೇರಿಯಲ್ಲಿ ಅವನು ಕಳೆದುಕೊಂಡ ಸ್ಥಳವನ್ನು ಕೊಡಲಾರದು. ಲಿಂಡ್ ಸ್ವತಃ ಇದನ್ನು ಬಲ್ಲವಳಾಗಿದ್ದಳು. ಹರಾಜಿನ ಪದ್ಧತಿಯು ಅವಳಿಗೆ ಹಿಡಿಸಲಿಲ್ಲ. ಗಣನೀಯ ಸಂಖ್ಯೆಯ ಚೀಟಿಗಳನ್ನು ಕಡಮೆ ದರಕ್ಕೆ ಕೊಡುವಂತೆ ಬಾರ್ನಮ್ಮನನ್ನು ಒಪ್ಪಿಸಿದಳು. ೧೮೫೧ರಲ್ಲಿ ಅವನಿಂದ ಬೇರೆಯಾಗಿ, ಮರುವರ್ಷದ ಮೇ ತಿಂಗಳವರೆಗೆ ತನ್ನದೇ ವ್ಯವಸ್ಥೆಯಲ್ಲಿ ಹಾಡಿದಳು.

೩

ಹರಾಜು ಅನ್ಯಾಯವೆಂದಾದರೆ, ಬೆಲೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿದರೆ ಸಾಲದೆ? ಚಾರ್ಲ್ಸ್ ಡಿಕನ್ಸ್ ೧೮೬೭ರ ನವೆಂಬರಿನಲ್ಲಿ ಅಮೆರಿಕಕ್ಕೆ ಬಂದು ತನ್ನ ಕೃತಿಗಳನ್ನು ಸಭೆಗಳಲ್ಲಿ ಓದಿದುದು ಈ ಪ್ರಶ್ನೆಗೆ ಉತ್ತರವನ್ನು ಒದಗಿಸುತ್ತದೆ. ಇಂಗ್ಲೆಂಡಿನ ತನ್ನ ವಾಚನಗಳಲ್ಲಿ ಒಂದು ಷಿಲಿಂಗಿನ ಸ್ಥಳಗಳು ಇರಲೇಬೇಕೆಂಬುದು ಆತನ ನಿಯಮವಾಗಿತ್ತು. ಅಮೆರಿಕದಲ್ಲಿ ಚೀಟಿಯ ದರವನ್ನು ೨ ಡಾಲರಿಗೆ ಗೊತ್ತುಮಾಡಲಾಯಿತು.

ಆದರೆ ಬೇಡಿಕೆಯು ಆ ದರಕ್ಕೆ ಸಿಗುವ ಸ್ಥಳಗಳಿಗಿಂತ ಬಹುಪಾಲು ಹೆಚ್ಚಾಗಿತ್ತು. ಚೀಟಿಯ ದಲ್ಲಾಳಿಗಳು ಕೂಲಿಯಾಳುಗಳನ್ನು ಸಾಲಿನಲ್ಲಿ ನಿಲ್ಲಿಸಿ, ಮುಂದಣ ಸಾಲುಗಳ ಚೀಟಿಗಳನ್ನು ಕೊಂಡು, ಹಲವು ಮಡಿ ಬೆಲೆಗೆ ಮಾರಿದರು. ಕೆಲವು ಚೀಟಿಗಳು ೨೦ ಡಾಲರನ್ನೂ ದಾಟಿದವು. ೧೮೬೮ರ ಜನವರಿಯ ಕೊರೆಯುವ ಚಳಿಯಲ್ಲಿ ಬ್ರೂಕ್ಲಿನ್ನಿನ ಬೀದಿಯಲ್ಲಿ ಜನರು ಹಾಸಿಗೆಗಳನ್ನು ಹಾಸಿಕೊಂಡು, ಬೆಂಕಿ ಕಾಯಿಸುತ್ತ ರಾತ್ರಿಯೆಲ್ಲ ಕಾದರು. ವ್ಯವಸ್ಥಾಪಕನಾದ ಜಾರ್ಜ್ ಡಾಲ್ಬಿ ಒಬ್ಬನಿಗೆ ಇಂತಿಷ್ಟೇ ಚೀಟಿಗಳೆಂದು ಕಟ್ಟುಪಾಡು ಮಾಡಿದನು. ಆದರೂ ಪತ್ರಿಕೆಗಳು ಅವನನ್ನೇ ದೂಷಿಸಿದುವು. ಒಟ್ಟು ೭೬ ವಾಚನಗಳಿಂದ ಡಿಕನ್ಸನಿಗೆ ವೆಚ್ಚ ಕಳೆದು ಸುಮಾರು ೧೯,೦೦೦ ಪೌಂಡುಗಳು ಉಳಿದುವು. ದಲ್ಲಾಳಿಗಳು ಗಳಿಸಿದುದರಲ್ಲಿ ಆತನಿಗೆ ಒಂದು ಕಾಸೂ ಸಲ್ಲಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ದರವನ್ನು ಬರಿದೆ ಇಳಿಸುವುದರಿಂದ ಅಭಿಮಾನಿಯ ವೆಚ್ಚವು ಇಳಿಯುವುದಿಲ್ಲ. ಅವನು ಕೊಡಲು ಸಿದ್ಧನಾಗಿರುವಷ್ಟನ್ನು ಯಾರಾದರೊಬ್ಬರು ತೆಗೆದುಕೊಂಡೇ ತೀರುವರು: ಹರಾಜಿನಲ್ಲಿ ವ್ಯವಸ್ಥಾಪಕನು, ನಿಗದಿಯಾದ ದರದಲ್ಲಿ ದಲ್ಲಾಳಿಯು. ದರದ ಕಟ್ಟಳೆಯೊಡನೆ ಮರುಮಾರಾಟದ ಕಟ್ಟಳೆಯೂ ಬೇಕಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನವು ೨೦೧೬ರಲ್ಲಿ, ಗಣಕಯಂತ್ರಗಳ ಮೂಲಕ ಚೀಟಿಗಳನ್ನು ಸಗಟಾಗಿ ಬಾಚಿಕೊಳ್ಳುವುದನ್ನು ತಡೆಯಲು ಶಾಸನವನ್ನು ಮಾಡಬೇಕಾಗಿ ಬಂದುದು ಈ ರೋಗವು ಎಷ್ಟು ದೀರ್ಘಕಾಲದ್ದೆಂಬುದಕ್ಕೆ ಸಾಕ್ಷಿ. ನಮ್ಮ ಕರ್ನಾಟಕದಲ್ಲಿಯೂ ಸರ್ಕಾರವು ೨೦೧೭ರ ಮೇ ತಿಂಗಳಿನಲ್ಲಿ ಬಹುಪರದೆಯ ಚಿತ್ರಮಂದಿರಗಳ ಚೀಟಿಗೆ ೨೦೦ ರೂಪಾಯಿಗಳ ಮಿತಿಯನ್ನು ವಿಧಿಸಿತು. ೨೦೨೫ರ ಸೆಪ್ಟೆಂಬರಿನಲ್ಲಿ ಅದೇ ಮೊತ್ತದ ಮಿತಿಯನ್ನು ಮತ್ತೊಮ್ಮೆ ನಿಯಮಿಸಿದಾಗ ಉಚ್ಚ ನ್ಯಾಯಾಲಯವು ಆ ತಿಂಗಳಿನಲ್ಲಿಯೇ ಮಧ್ಯಂತರ ತಡೆಯಾಜ್ಞೆಯನ್ನು ಕೊಟ್ಟಿತು. ಚೀಟಿಯು ಸರಕೇ, ಹಕ್ಕೇ ಎಂಬ ೧೮೦೯ರ ವಿವಾದವು ಇನ್ನೂ ಮುಗಿದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

೪

ಮೇಲ್ಕಂಡ ನಿದರ್ಶನಗಳಿಂದ ಇಷ್ಟು ರೂಪಾಯಿ, ಇಷ್ಟು ಡಾಲರ್ ಎಂಬ ಮಿತಿಯನ್ನು ಹೇಳುವುದು ಸಾಧ್ಯವಿಲ್ಲ. ಹೇಳುವುದು ಚರಿತ್ರೆಯ ಕೆಲಸವೂ ಅಲ್ಲ. ಆದರೆ ಮಿತಿಯನ್ನು ಗುರುತಿಸುವ ಕ್ರಮವೊಂದು ಇವುಗಳಿಂದ ದೊರೆಯುತ್ತದೆ. ಮೊದಲನೆಯದಾಗಿ, ನೋಡುವುದಕ್ಕೂ ಕೇಳುವುದಕ್ಕೂ ಒಂದು ಬೆಲೆಯುಂಟು. ಲಂಡನ್ನಿನ ಗ್ಯಾಲರಿ, ಡಿಕನ್ಸನ ಷಿಲಿಂಗಿನ ಪೀಠ ಇವು ಆ ಬೆಲೆಯನ್ನು ಸೂಚಿಸುತ್ತವೆ. ಅದರಾಚೆಗೆ ಕೊಡುವ ಹಣವು ಬಹುಮಟ್ಟಿಗೆ ನಾನೂ ಅಲ್ಲಿದ್ದೆನೆಂದು ಹೇಳಿಕೊಳ್ಳುವುದಕ್ಕೆ ತೆರುವ ಹಣ. ಎರಡನೆಯದಾಗಿ, ಆ ಹಣವು ಮೆಚ್ಚಿದ ಕಲಾವಿದನಿಗೆ ತಲಪುವುದೋ, ನಡುವೆ ನಿಂತವನಿಗೋ ಎಂಬುದನ್ನು ವಿಚಾರಿಸಬೇಕು. ಮೂರನೆಯದಾಗಿ, ತೆತ್ತ ಹಣವು ಯಾವ ಚೀಲದಿಂದ ಬಂದುದೆಂಬುದನ್ನು ನೋಡಬೇಕು. ಜೆನಿನನ ೨೨೫ ಡಾಲರ್ ಅಂಗಡಿಯ ಬಂಡವಾಳದಿಂದ ಬಂದು ಅಂಗಡಿಗೇ ಮರಳಿತು. ಕೂಲಿಯವನ ೧೦ ಡಾಲರ್ ಮನೆಯ ಹಿಟ್ಟಿನ ಡಬ್ಬಿಯಿಂದ ಬಂದು ಮರಳದೆ ಹೋಯಿತು.

ಅಭಿಮಾನವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಬ್ರೂಕ್ಲಿನ್ನಿನ ಚಳಿಯಲ್ಲಿ ಕಾದವರಲ್ಲಿ ಒಳ್ಳೆಯ ಓದುಗರೂ ಇದ್ದಿರಬೇಕು. ಅವರು ಕೇಳಿದ ವಾಚನವು ಜೀವನಪರ್ಯಂತ ಅವರ ನೆನಪಿನಲ್ಲಿ ಉಳಿದಿರಬೇಕು. ಅಂತಹ ನೆನಪಿಗಾಗಿ ಒಂದಷ್ಟು ಹಣವನ್ನು ಕೊಡುವುದು ಅಪವ್ಯಯವಲ್ಲ. ಆದರೆ ಕವೆಂಟ್ ಗಾರ್ಡನ್ನಿನ ಅಂಕಣದಲ್ಲಿ ನಿಂತು ೬ ಪೆನ್ಸಿಗಾಗಿ ೬೭ ರಾತ್ರಿಗಳು ಜಗಳವಾಡಿದವರು ಕಲೆಯ ಶತ್ರುಗಳಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ನಟನ ಮೇಲಣ ಪ್ರೀತಿಯನ್ನೂ ಬೆಲೆಯ ಮೇಲಣ ವಿವೇಕವನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದೆಂಬುದನ್ನು ಅವರು ತೋರಿಸಿಕೊಟ್ಟರು.