ಸಂಬಳದ ಲೆಕ್ಕ ಕಲಿತ ಯಂತ್ರ

ಸಂಬಳ ಎರಡು ದಿನ ತಡವಾದರೆ ಏನಾಗುತ್ತದೆಂದು ಮನೆ ನಡೆಸುವ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲಿನವನಿಗೆ ಇಷ್ಟು, ಕಿರಾಣಿ ಅಂಗಡಿಗೆ ಇಷ್ಟು, ಬಾಡಿಗೆಗೆ ಇಷ್ಟು ಎಂದು ಅವಳು ಆಗಲೇ ಮನಸ್ಸಿನಲ್ಲಿ ಹಂಚಿಟ್ಟ ಹಣ ಅದು. ಈಗ ಬಹಳ ಕಡೆ ಆ ಹಣ ಕೈಯಿಂದ ಕೈಗೆ ಬರುವುದೇ ಇಲ್ಲ. ಹಾಜರಿ, ರಜೆ, ಭತ್ಯೆ, ಭವಿಷ್ಯನಿಧಿ, ತೆರಿಗೆ ಎಲ್ಲವನ್ನೂ ಕಂಪ್ಯೂಟರೇ ಕೂಡಿ ಕಳೆದು, ಉಳಿದದ್ದನ್ನು ಬ್ಯಾಂಕಿನ ಖಾತೆಗೆ ಕಳಿಸಿಬಿಡುತ್ತದೆ. ಈ ವಿದ್ಯೆಯನ್ನು ಯಂತ್ರಕ್ಕೆ ಮೊದಮೊದಲು ಕಲಿಸಿದವರು ಯಾರೆಂದು ಹುಡುಕುತ್ತಾ ಹೋದರೆ, ವಿಚಿತ್ರವೆಂಬಂತೆ, ನಾವು ಹೋಗಿ ಮುಟ್ಟುವುದು ಇಂಗ್ಲೆಂಡಿನ ಚಹಾದಂಗಡಿಗಳನ್ನು.

ಜೆ. ಲಯನ್ಸ್ ಎಂಬ ಕಂಪನಿ ಅಲ್ಲಿ ಚಹಾ, ಕೇಕು, ಐಸ್‌ಕ್ರೀಮಿಗೆ ಹೆಸರಾಗಿತ್ತು. ಊರೂರಲ್ಲಿ ಅದರ ಚಹಾದಂಗಡಿಗಳಿದ್ದವು. ಬಿಡಿಗಾಸಿನ ವ್ಯಾಪಾರ ಹೆಚ್ಚಿದಷ್ಟೂ ಲೆಕ್ಕ ಬರೆಯುವ ಕೈಗಳು ಹೆಚ್ಚು ಬೇಕು. 1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಕಚೇರಿ ಕೆಲಸದ ಹೊಸ ವಿಧಾನಗಳನ್ನು ನೋಡಲು ಅಮೆರಿಕಕ್ಕೆ ಹೋದರು. ಯುದ್ಧದ ಲೆಕ್ಕಾಚಾರಕ್ಕೆಂದು ಅಲ್ಲಿ ಕಟ್ಟಿದ್ದ ಎಲೆಕ್ಟ್ರಾನಿಕ್ ಯಂತ್ರದ ಸುದ್ದಿ ಅವರಿಗೆ ಸಿಕ್ಕಿತು. ಅಂಥದೇ ಒಂದು ತಮ್ಮ ದೇಶದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲೂ ತಯಾರಾಗುತ್ತಿದೆ ಎಂಬುದು ತಿಳಿದದ್ದೂ ಆ ಪ್ರವಾಸದಲ್ಲೇ. ಲಯನ್ಸ್ ಕೇಂಬ್ರಿಜ್‌ಗೆ 3,000 ಪೌಂಡು ನೆರವು ಕೊಟ್ಟಿತು. 1949ರ ಮೇ ತಿಂಗಳಲ್ಲಿ ಅಲ್ಲಿನ ಯಂತ್ರ ಕೆಲಸ ಮಾಡಿ ತೋರಿಸಿದ ಮೇಲೆ ತನ್ನದೇ ಒಂದನ್ನು ಕಟ್ಟಲು ಹೊರಟಿತು. ಅದಕ್ಕಿಟ್ಟ ಹೆಸರು ಲಿಯೋ. ಜಾನ್ ಪಿಂಕರ್ಟನ್ ಯಂತ್ರ ಕಟ್ಟಿದರು. ಅದಕ್ಕೆ ಕಚೇರಿ ಕೆಲಸ ಕಲಿಸುವ ಹೊಣೆ ಡೇವಿಡ್ ಕಾಮಿನರ್ ಅವರದಾಯಿತು. 1951ರ ನವೆಂಬರಿನಲ್ಲಿ ಲಿಯೋ ಬೇಕರಿಯ ಮಾಲಿನ ಬೆಲೆ ಲೆಕ್ಕ ಹಾಕತೊಡಗಿತು.

ಆದರೆ ಸಂಬಳದ ಲೆಕ್ಕವನ್ನು ಅವರು ಆಗಲೇ ಅದರ ಕೈಗೆ ಕೊಡಲಿಲ್ಲ. ಕೇಕಿನ ಲೆಕ್ಕ ಒಂದು ದಿನ ತಡವಾದರೆ ಸಾಹೇಬರು ಹುಬ್ಬು ಗಂಟಿಕ್ಕಬಹುದು, ಅಷ್ಟೆ. ವಾರದ ಕೂಲಿ ತಡವಾದರೆ ಮನೆಮನೆಯ ಒಲೆಗೇ ತೊಂದರೆ. ಯಂತ್ರದಲ್ಲಿದ್ದ ಸುಮಾರು 6,000 ವಾಲ್ವುಗಳಲ್ಲಿ ಯಾವುದು ಯಾವಾಗ ಕೈಕೊಡುವುದೋ ಹೇಳುವಂತಿರಲಿಲ್ಲ. ಲೆಕ್ಕವೂ ಸುಲಭದ್ದಲ್ಲ. ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್. 1957ಕ್ಕೆ ಮುಂಚೆ ರೂಪಾಯಿ, ಆಣೆ, ಪೈ ಎಂದು ಕೂಡಿದ ನಮ್ಮ ಹಿರಿಯರಿಗೆ ಆ ಕಷ್ಟ ಗೊತ್ತು. ಅದರ ಮೇಲೆ 1944ರಿಂದ ಬ್ರಿಟನ್ನಿನಲ್ಲಿ ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ಬಂದಿತ್ತು. ವರ್ಷದ ಆರಂಭದಿಂದ ಈ ವಾರದವರೆಗೆ ಎಷ್ಟು ದುಡಿದಿದ್ದಾರೆಂದು ನೋಡಿಯೇ ಈ ವಾರದ ತೆರಿಗೆ ಕಟ್ಟಬೇಕು. ಆದ್ದರಿಂದ ಗುಮಾಸ್ತರ ಲೆಕ್ಕದ ಪಕ್ಕದಲ್ಲಿ ಯಂತ್ರದ ಲೆಕ್ಕವನ್ನಿಟ್ಟು ತಾಳೆ ನೋಡಿದರು. ನಂಬಿಕೆ ಬಂದ ಮೇಲೆ, 1954ರ ಹೊತ್ತಿಗೆ, ಸಂಬಳವನ್ನು ಅದಕ್ಕೆ ಒಪ್ಪಿಸಿದರು. ಪಳಗಿದ ಗುಮಾಸ್ತರಿಗೆ ಒಬ್ಬ ನೌಕರನ ಲೆಕ್ಕಕ್ಕೆ ಎಂಟು ನಿಮಿಷ ಬೇಕಾಗುತ್ತಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಯಿತು.

ಆ ಒಂದೂವರೆ ಸೆಕೆಂಡಿನ ಹಿಂದೆ ತಿಂಗಳುಗಟ್ಟಲೆ ಶ್ರಮವಿತ್ತು. ಆ ಶ್ರಮದಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಳು. ಮೇರಿ ಕೂಂಬ್ಸ್ ಕಾಲೇಜಿನಲ್ಲಿ ಓದಿದ್ದು ಫ್ರೆಂಚ್ ಮತ್ತು ಇತಿಹಾಸ. ಲಯನ್ಸಿನಲ್ಲಿ ಗುಮಾಸ್ತೆಯಾಗಿ ಸೇರಿ, 1952ರಲ್ಲಿ ಕಂಪನಿ ನಡೆಸಿದ ಆಯ್ಕೆಯಲ್ಲಿ ತೇರ್ಗಡೆಯಾಗಿ ಲಿಯೋ ತಂಡಕ್ಕೆ ಬಂದರು. ವ್ಯಾಪಾರದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಮೊದಲ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ. ಲಯನ್ಸಿನ ಸಂಬಳವಷ್ಟೇ ಅಲ್ಲ, ಫೋರ್ಡ್ ಮೋಟಾರ್ ಕಂಪನಿಯ ನೌಕರರ ಸಂಬಳದ ಪ್ರೋಗ್ರಾಮಿನಲ್ಲೂ ಅವರು ದುಡಿದರು. ಮುಂದೆ ಅಂಗವಿಕಲ ಮಗಳ ಆರೈಕೆಗಾಗಿ ಪೂರ್ಣ ಸಮಯದ ಕೆಲಸ ಬಿಟ್ಟರು. ಆಮೇಲೆ ಶಾಲೆಯಲ್ಲಿ ಪಾಠ ಹೇಳಿದರು. 2022ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಮಾಡಿದ ಕೆಲಸವೇನು? ನಾನು ಚಿಕ್ಕವಳಿದ್ದಾಗ ನಮ್ಮ ನೆರೆಮನೆಯಲ್ಲಿ ಸಂಬಳದ ಬಿಲ್ಲು ಬರೆಯುವ ಗುಮಾಸ್ತರಿದ್ದರು. ತಿಂಗಳ ಕೊನೆಯ ವಾರ ಅವರ ಮನೆಯಲ್ಲಿ ಯಾರೂ ರೇಡಿಯೋ ಹಾಕುವಂತಿರಲಿಲ್ಲ. ಯಾರಿಗೆ ಅರ್ಧ ಸಂಬಳದ ರಜೆ, ಯಾರ ಮುಂಗಡ ಇನ್ನೆಷ್ಟು ಕಂತು ಬಾಕಿ, ಯಾರಿಗೆ ಈ ತಿಂಗಳು ಇನ್‌ಕ್ರಿಮೆಂಟು ಎಲ್ಲ ಅವರ ತಲೆಯಲ್ಲೇ. ಯಂತ್ರಕ್ಕೆ ಅಂಥ ತಲೆಯಿಲ್ಲ. 'ಹೀಗಿದ್ದರೆ ಹಾಗೆ ಮಾಡು' ಎಂದು ಒಂದೊಂದನ್ನೂ ಬರೆದುಕೊಡಬೇಕು. ಬರೆಯದೆ ಬಿಟ್ಟದ್ದು ಅದಕ್ಕೆ ಗೊತ್ತಾಗುವುದಿಲ್ಲ. ಲೆಕ್ಕದ ಮನೆಯಲ್ಲಿ ಹೆಸರಿಲ್ಲದೆ ಕುಳಿತವರ ಅನುಭವವನ್ನು ಎಳೆಎಳೆಯಾಗಿ ಬಿಡಿಸಿ ಕಾಗದಕ್ಕಿಳಿಸಿದ್ದೇ ಮೇರಿಯಂಥವರ ಸಾಧನೆ.

ಇಂದಿನ ಸಾಫ್ಟ್‌ವೇರಿನಲ್ಲೂ ಕ್ರಮ ಅದೇ. ಹಾಜರಿ ಇಂಥ ತಾರೀಖಿಗೆ ಮುಚ್ಚಬೇಕು, ರಜೆಗೆ ಇಂಥವರು ಒಪ್ಪಿಗೆ ಕೊಡಬೇಕು, ಕಡಿತಗಳಾದ ಮೇಲೆ ಪಟ್ಟಿ ಬ್ಯಾಂಕಿಗೆ ಹೋಗಬೇಕು ಎಂದು ಯಾರೋ ಒಬ್ಬರು ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ಅವರು ಮರೆತದ್ದನ್ನು ಯಂತ್ರವೂ ಮರೆಯುತ್ತದೆ. ನಮ್ಮ ದೇಶದಲ್ಲಿ, ಕಾನೂನಿನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ, ಸಂಬಳಸಹಿತ ಹೆರಿಗೆ ರಜೆ 12 ವಾರಗಳಿತ್ತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು. ಯಾವುದಾದರೂ ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ 12 ಹಾಗೇ ಉಳಿದಿದ್ದರೆ, ಬಾಣಂತಿಯ ಸಂಬಳ ಹದಿಮೂರನೆಯ ವಾರಕ್ಕೆ ಸದ್ದಿಲ್ಲದೆ ನಿಂತುಹೋದೀತು. ಯಂತ್ರಕ್ಕೆ ಕೆಟ್ಟ ಮನಸ್ಸಿಲ್ಲ, ನಿಜ. ಕರುಳೂ ಇಲ್ಲ.

ಹಾಗಾಗಿ, ದುಡಿಯುವ ಅಕ್ಕತಂಗಿಯರೇ, ತಿಂಗಳ ಸಂಬಳದ ಚೀಟಿಯನ್ನು ಒಮ್ಮೆ ಸಾಲುಸಾಲಾಗಿ ಓದಿ. ಕೊನೆಯ ಮೊತ್ತವೊಂದನ್ನೇ ನೋಡಿ ಮಡಚಿಡಬೇಡಿ. ಯಾವ ಕಡಿತ ಏಕೆ ಎಂದು ತಿಳಿಯದಿದ್ದರೆ ಸಂಕೋಚಪಡದೆ ಕೇಳಿ. 'ಕಂಪ್ಯೂಟರೇ ಹಾಗೆ ತೋರಿಸುತ್ತಿದೆ' ಎಂಬುದು ಉತ್ತರವಲ್ಲ. ಅದಕ್ಕೆ ಹಾಗೆ ಹೇಳಿಕೊಟ್ಟವರು ಒಬ್ಬರು ಇದ್ದೇ ಇರುತ್ತಾರೆ. ತಪ್ಪಿದ್ದರೆ ತಿದ್ದಲೂ ಅವರಿಗೆ ಬರುತ್ತದೆ.