ಕಪ್ಪತಗುಡ್ಡದ ವಸಂತಕಾಲದ ಹೂಮರಗಳು ಮತ್ತು ಹೂಪೊದೆಗಳು

ಕಪ್ಪತಗುಡ್ಡವು ಕರ್ನಾಟಕದ ಗದಗ ಜಿಲ್ಲೆಯಲ್ಲಿರುವ ಬೆಟ್ಟಗಳ ಸಾಲು. ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳಲ್ಲಿ ಹರಡಿರುವ ಈ ಸಾಲು ಗದಗ ನಗರದ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರಾ ನದಿಯ ದಂಡೆಯ ಸಿಂಗಟಾಲೂರಿನವರೆಗೆ ಚಾಚಿಕೊಂಡಿದೆ. ಒಣ ಎಲೆಯುದುರುವ ಕಾಡು ಮತ್ತು ಕುರುಚಲು ಕಾಡು ಇಲ್ಲಿನ ಮುಖ್ಯ ಸಸ್ಯವರ್ಗ. ಔಷಧೀಯ ಸಸ್ಯಗಳಿಗೆ ಹೆಸರಾದ ಕಾರಣ ಇದನ್ನು ‘ಸಸ್ಯಕಾಶಿ’ ಎಂದೂ ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂದೂ ಕರೆಯುವುದುಂಟು. ಎರಡನೆಯ ಹೆಸರು ಮಳೆಗಾಲದ ಗುಡ್ಡಕ್ಕೆ ಮಾತ್ರ ಒಪ್ಪುತ್ತದೆ. ಫೆಬ್ರವರಿಯ ಕೊನೆಯಿಂದ ಮೇ ತಿಂಗಳವರೆಗೆ ಇಲ್ಲಿನ ಮರಗಳು ಎಲೆಯುದುರಿಸಿ ಹೂಬಿಡುವ ರೀತಿಗೂ ನಿತ್ಯಹರಿದ್ವರ್ಣದ ಸಹ್ಯಾದ್ರಿಗೂ ಹೋಲಿಕೆ ಕಡಿಮೆ. ಪ್ರಸ್ತುತ ಲೇಖನವು ಆ ಅವಧಿಯಲ್ಲಿ ಗುಡ್ಡದಲ್ಲಿಯೂ ಅದರ ಸುತ್ತಲಿನ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗಗಳಲ್ಲಿಯೂ ಹೂಬಿಡುವ ಪ್ರಮುಖ ಮರ ಮತ್ತು ಪೊದೆಗಳನ್ನು ಕುರಿತದ್ದು.

ಹಿನ್ನೆಲೆ

ಗದಗ ಜಿಲ್ಲೆಯು ಮಳೆನೆರಳಿನ ಪ್ರದೇಶದಲ್ಲಿದೆ. ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಗುಡ್ಡದ ಕಲ್ಲು ಧಾರವಾಡ ಶಿಲಾಸಮೂಹಕ್ಕೆ ಸೇರಿದ ಪದರಶಿಲೆ. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಮತ್ತು ಚಿನ್ನದ ಅದಿರುಗಳಿವೆ. ಮೇಲಿನ ಮಣ್ಣು ತೆಳುವಾದ ಕೆಂಪು ಮಣ್ಣು. ಕೆಳಗಿನ ಬಯಲು ಬಹುತೇಕ ಎರೆಭೂಮಿ. ಹಿಂಗಾರಿನ ಜೋಳ, ಕಡಲೆ, ಕುಸುಬೆಗಳ ಸುಗ್ಗಿ ಮುಗಿದ ಮೇಲೆ ಎರೆಹೊಲಗಳು ಬರಿದಾಗಿ ಬಿರುಕು ಬಿಡುತ್ತವೆ. ಆ ಹೊತ್ತಿಗೆ ಕಣ್ಣಿಗೆ ಬಣ್ಣ ಕಾಣುವುದು ಹೊಲದ ಬದುಗಳಲ್ಲಿ, ಹಳ್ಳದ ದಂಡೆಗಳಲ್ಲಿ ಮತ್ತು ಗುಡ್ಡದ ಇಳಿಜಾರಿನಲ್ಲಿ.

ನೀರಿಲ್ಲದ ಕಾಲದಲ್ಲಿ ಮರಗಳು ಹೂಬಿಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಎಲೆಗಳ ಮೂಲಕ ಆವಿಯಾಗಿ ಹೋಗುವ ನೀರೇ ಮರದ ದೊಡ್ಡ ಖರ್ಚು. ಎಲೆ ಉದುರಿದೊಡನೆ ಆ ಖರ್ಚು ನಿಲ್ಲುತ್ತದೆ. ಕಾಂಡದಲ್ಲಿ ಉಳಿದ ನೀರು ಮತ್ತು ಕಲ್ಲಿನ ಸೀಳುಗಳಿಗಿಳಿದ ಬೇರುಗಳು ತರುವ ತೇವ ಹೂವಿಗೆ ಸಾಕಾಗುತ್ತವೆ. ಬರಿಗೊಂಬೆಯ ಮೇಲಿನ ಹೂ ಹಕ್ಕಿಗಳಿಗೂ ದುಂಬಿಗಳಿಗೂ ದೂರದಿಂದಲೇ ಕಾಣುತ್ತದೆ. ಇದಲ್ಲದೆ, ವಸಂತದಲ್ಲಿ ಹೂಬಿಟ್ಟ ಮುತ್ತುಗ, ಬೇವುಗಳ ಬೀಜ ಮುಂಗಾರಿನ ಆಸುಪಾಸಿನಲ್ಲಿ ನೆಲಕ್ಕೆ ಬಿದ್ದು ಹಸಿಮಣ್ಣಿನಲ್ಲಿ ಮೊಳೆಯುತ್ತದೆ. ಎಲ್ಲ ಮರಗಳೂ ಈ ಕ್ರಮವನ್ನು ಅನುಸರಿಸುವುದಿಲ್ಲ. ತೇಗ, ದಿಂಡಿಗ ಮುಂತಾದವು ಮಳೆಗಾಲದಲ್ಲಿ ಹೂಬಿಡುತ್ತವೆ.

ಮುತ್ತುಗ

ಋತುವಿನ ಆರಂಭವನ್ನು ಸಾರುವ ಮರ ಮುತ್ತುಗ. ಇದರ ವೈಜ್ಞಾನಿಕ ಹೆಸರು ಬ್ಯೂಟಿಯಾ ಮೊನೊಸ್ಪರ್ಮ. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಎಲೆಗಳೆಲ್ಲ ಉದುರಿದ ಸೊಟ್ಟ ಕೊಂಬೆಗಳ ತುಂಬ ಕಿತ್ತಳೆಗೆಂಪಿನ ಹೂಗಳು ಮೂಡುತ್ತವೆ. ಮೊಗ್ಗು ಮತ್ತು ತೊಟ್ಟುಗಳನ್ನು ಮುಚ್ಚಿದ ರೋಮಗಳು ಕಪ್ಪುಕಂದು ಬಣ್ಣದವು. ಕೆಂಡದ ನಡುವೆ ಇದ್ದಿಲು ಇಟ್ಟಂತೆ ತೋರುವುದು ಇದರಿಂದಲೇ. ಹೂವಿನ ಒಂದು ದಳ ಗಿಳಿಯ ಕೊಕ್ಕಿನಂತೆ ಬಾಗಿದೆ. ಸಂಸ್ಕೃತದ ‘ಕಿಂಶುಕ’ ಎಂಬ ಹೆಸರನ್ನು ‘ಇದು ಗಿಳಿಯೇ?’ ಎಂದು ಬಿಡಿಸುವ ಸಂಪ್ರದಾಯವಿದೆ. ಹೂವಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ, ಆದರೆ ಮಕರಂದ ಯಥೇಚ್ಛ. ಸೂರಕ್ಕಿ, ಮೈನಾ, ಕಾಜಾಣ, ಗಿಳಿಗಳು ಬೆಳಗಿನ ಹೊತ್ತು ಮರದಲ್ಲಿ ನೆರೆಯುತ್ತವೆ. ಕಾಯಿ ಚಪ್ಪಟೆಯಾಗಿದ್ದು ತುದಿಯಲ್ಲಿ ಒಂದೇ ಬೀಜವಿರುತ್ತದೆ. ಉಳಿದ ಭಾಗ ಗಾಳಿಗೆ ತೇಲುವ ರೆಕ್ಕೆಯಾಗಿ ಕೆಲಸ ಮಾಡುತ್ತದೆ.

ಹೂವನ್ನು ಒಣಗಿಸಿ ಅಥವಾ ಕುದಿಸಿ ತೆಗೆದ ಹಳದಿ ಬಣ್ಣವನ್ನು ಹೋಳಿಹುಣ್ಣಿಮೆಯ ಓಕುಳಿಗೆ ಬಳಸುವ ರೂಢಿಯಿತ್ತು. ರಾಸಾಯನಿಕ ಬಣ್ಣಗಳು ಬಂದ ಮೇಲೆ ಅದು ಬಹಳ ಕಡಿಮೆಯಾಗಿದೆ. ಎಲೆಯ ಉಪಯೋಗ ಹೆಚ್ಚು ಕಾಲ ಉಳಿದುಬಂದಿದೆ. ಮೂರು ಕಿರುಎಲೆಗಳ ಗಟ್ಟಿಯಾದ ಈ ಎಲೆಗಳನ್ನು ಕಡ್ಡಿಯಿಂದ ಹೊಲಿದು ಊಟದ ಪತ್ರಾವಳಿ ಮಾಡುತ್ತಾರೆ. ಮರವು ಅರಗಿನ ಕೀಟಕ್ಕೂ ಆಶ್ರಯ ನೀಡುತ್ತದೆ.

ಬೇವು ಮತ್ತು ಹೊಂಗೆ

ಬೇವು ಮಾರ್ಚ್‌ನಲ್ಲಿ ಕೆಂಪು ಚಿಗುರು ಬಿಟ್ಟು, ಅದರ ಬೆನ್ನಿಗೇ ಸಣ್ಣ ಬಿಳಿಹೂಗಳ ಗೊಂಚಲು ತಳೆಯುತ್ತದೆ. ಸಂಜೆಯ ಹೊತ್ತು ಜೇನಿನಂಥ ಪರಿಮಳ ಹರಡುತ್ತದೆ. ಯುಗಾದಿಯ ದಿನ ಹಳೆಯ ಮೈಸೂರು ಭಾಗದಲ್ಲಿ ಬೇವು-ಬೆಲ್ಲವನ್ನು ಹಾಗೆಯೇ ತಿನ್ನುವುದು ವಾಡಿಕೆ. ಗದಗ ಸೀಮೆಯನ್ನೊಳಗೊಂಡ ಉತ್ತರ ಕರ್ನಾಟಕದಲ್ಲಿ ಬೇವಿನ ಹೂವನ್ನು ಬೆಲ್ಲ, ಪುಟಾಣಿ ಮುಂತಾದವುಗಳೊಡನೆ ನೀರಿನಲ್ಲಿ ಕಲಸಿ ಪಾನಕದಂತೆ ಕುಡಿಯುತ್ತಾರೆ. ಆ ಪಾನಕದ ಹೆಸರೂ ‘ಬೇವು’ ಎಂದೇ.

ಹೊಂಗೆ ಹಳ್ಳದ ದಂಡೆ, ರಸ್ತೆಯ ಅಂಚು ಮತ್ತು ತಗ್ಗಿನ ಜಾಗಗಳ ಮರ. ಸುತ್ತಲಿನ ಮರಗಳು ಬೋಳಾಗಿರುವಾಗ ಇದು ಹೊಳೆಯುವ ಹೊಸ ಎಲೆಗಳಿಂದ ಕೂಡಿರುತ್ತದೆ. ಏಪ್ರಿಲ್‌ನಲ್ಲಿ ಅರಳುವ ತಿಳಿನೇರಳೆ ಮತ್ತು ಬಿಳಿ ಬಣ್ಣದ ಹೂಗಳು ಮರದ ಮೇಲಿರುವುದಕ್ಕಿಂತ ನೆಲದ ಮೇಲೆಯೇ ಹೆಚ್ಚಾಗಿ ಗಮನ ಸೆಳೆಯುತ್ತವೆ. ಬುಡದಲ್ಲಿ ಅರಳು ಚೆಲ್ಲಿದಂತೆ ಬಿದ್ದಿರುತ್ತವೆ. ಬೀಜದ ಎಣ್ಣೆಯನ್ನು ಹಿಂದೆ ದೀಪಕ್ಕೆ ಬಳಸುತ್ತಿದ್ದರು, ಈಗ ಜೈವಿಕ ಇಂಧನವಾಗಿ ಬಳಸಲಾಗುತ್ತಿದೆ.

ಕಕ್ಕೆ

ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ಅರಳುವ ಕಕ್ಕೆಯ ವೈಜ್ಞಾನಿಕ ಹೆಸರು ಕ್ಯಾಸಿಯಾ ಫಿಸ್ಟುಲ. ಜೋತುಬಿದ್ದ ಹಳದಿ ಹೂಗೊಂಚಲುಗಳೂ ಒಂದರಿಂದ ಎರಡು ಅಡಿ ಉದ್ದದ ಕೊಳವೆಯಂಥ ಕಪ್ಪು ಕಾಯಿಗಳೂ ಇದರ ಗುರುತು. ಹಿಂದಿನ ವರ್ಷದ ಕಾಯಿ ಮತ್ತು ಈ ವರ್ಷದ ಹೂ ಒಂದೇ ಮರದಲ್ಲಿ ಕಾಣುವುದು ಸಾಮಾನ್ಯ. ಕಾಯಿಯೊಳಗಿನ ಅಂಟುತಿರುಳು ಭೇದಿಯೌಷಧವಾಗಿ ಆಯುರ್ವೇದದಲ್ಲಿ ಬಳಕೆಯಲ್ಲಿದೆ. ನೆರೆಯ ಕೇರಳದಲ್ಲಿ ವಿಷು ಹಬ್ಬಕ್ಕೆ ಬೇಕಾದ ಈ ಹೂವೇ ಆ ರಾಜ್ಯದ ರಾಜ್ಯಪುಷ್ಪ. ಥಾಯ್ಲೆಂಡ್‌ನ ರಾಷ್ಟ್ರಪುಷ್ಪವೂ ಹೌದು.

ಬಿಳಿಹೂವಿನ ಮರಗಳು

ಹಳದಿ, ಕೆಂಪುಗಳಂತೆ ದೂರಕ್ಕೆ ಕಾಣದ, ಆದರೆ ಪರಿಮಳದಿಂದ ತಿಳಿಯುವ ಮರಗಳೂ ಗುಡ್ಡದಲ್ಲಿವೆ. ಹಾಲೆ ಅಥವಾ ಬೆಪ್ಪಾಲೆ ಅವುಗಳಲ್ಲೊಂದು. ರೈಟಿಯ ಟಿಂಕ್ಟೋರಿಯ ಎಂಬ ಹೆಸರಿನ ಈ ಸಣ್ಣ ಮರದ ಬಿಳಿಹೂವಿಗೆ ಮಲ್ಲಿಗೆಯನ್ನು ಹೋಲುವ ಕಂಪಿದೆ. ಮುರಿದರೆ ಬಿಳಿಹಾಲು ಒಸರುತ್ತದೆ. ಎಲೆಗಳಿಂದ ನೀಲಿ ಬಣ್ಣ ದೊರೆಯುತ್ತಿದ್ದುದರಿಂದ ‘ಟಿಂಕ್ಟೋರಿಯ’ ಎಂಬ ವಿಶೇಷಣ ಬಂದಿದೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳಿಗೆ ಕಡೆಯುವುದು ಇದೇ ಮರದ ದಂತದಂತೆ ಬಿಳಿಯಾದ ಕಟ್ಟಿಗೆಯನ್ನು. ಇದನ್ನು ಕೊಡಸಿಗದೊಂದಿಗೆ ಗೊಂದಲ ಮಾಡಿಕೊಳ್ಳುವವರು ಹಲವರು. ಹಾಲೆಯ ಜೋಡಿಕಾಯಿಗಳ ತುದಿಗಳು ಎಳೆಯದಾಗಿದ್ದಾಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೊಡಸಿಗದಲ್ಲಿ ಬಿಡಿಯಾಗಿರುತ್ತವೆ.

ತುಗ್ಗಲಿ ಮರದ ಪುಟ್ಟ ಗರಿಯೆಲೆಗಳ ನಡುವೆ ಏಪ್ರಿಲ್–ಮೇ ತಿಂಗಳಲ್ಲಿ ಕೆನೆಹಳದಿಯ ಕುಚ್ಚುಗಳಂಥ ಹೂಗಳು ಬರುತ್ತವೆ. ಇದರ ಒಣಗಿದ ಎಲೆಯ ಪುಡಿ ತಲೆ ತೊಳೆಯಲು ಉಪಯುಕ್ತ. ಹುರುಗಲು ಮರದ ಕೆನೆಬಣ್ಣದ ಹೂ ತೀರ ಸಣ್ಣದು.

ಶ್ರೀಗಂಧದ ಹೂವನ್ನು ಗಮನಿಸಿದವರು ವಿರಳ. ವರ್ಷಕ್ಕೆ ಎರಡು ಬಾರಿ ಹೂಬಿಡುವ ಈ ಮರ ಮಾರ್ಚ್‌ನಿಂದ ಮೇ ನಡುವೆ ಒಮ್ಮೆ ಅರಳುತ್ತದೆ. ಹೂವು ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು. ಅರಳುವಾಗ ಹುಲ್ಲಿನ ಬಣ್ಣದ್ದಾಗಿದ್ದು ಕ್ರಮೇಣ ಕಡುಗೆಂಪಿಗೆ ತಿರುಗುತ್ತದೆ, ಮತ್ತು ಅದಕ್ಕೆ ಗಂಧದ ವಾಸನೆಯಿಲ್ಲ. ಪರಿಮಳವೆಲ್ಲ ಕಾಂಡದ ಹಾಗೂ ಬೇರಿನ ಚೇಗಿನಲ್ಲಿದೆ. ಗಂಧವು ಅರೆಪರಾವಲಂಬಿ, ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ಜೋಡಿಸಿಕೊಂಡು ನೀರು ಮತ್ತು ಲವಣಗಳನ್ನು ಪಡೆಯುತ್ತದೆ. ಆದಕಾರಣ ಸುತ್ತಲಿನ ಕುರುಚಲನ್ನು ಸವರಿ ಗಂಧವೊಂದನ್ನೇ ಉಳಿಸುತ್ತೇವೆಂಬುದು ಆಗದ ಮಾತು.

ಪೊದೆಗಳು

ಗುಡ್ಡದ ಹೆಚ್ಚಿನ ಭಾಗವನ್ನು ಆವರಿಸಿರುವುದು ಎತ್ತರದ ಮರಗಳಲ್ಲ, ಪೊದೆಗಳು. ಅವುಗಳಲ್ಲಿ ಜನರಿಗೆ ಅತಿ ಪರಿಚಿತವಾದದ್ದು ಕವಳೆ. ಗದಗ ಸೀಮೆಯ ಆಡುಮಾತಿನಲ್ಲಿ ‘ಕವಳಿ’. ಕರಿಸ್ಸ ಕುಲಕ್ಕೆ ಸೇರಿದ ಈ ಮುಳ್ಳುಕಂಟಿಯಲ್ಲಿ ಮಾರ್ಚ್‌ನಿಂದ ನಕ್ಷತ್ರಾಕಾರದ ಬಿಳಿಹೂ ಮೂಡುತ್ತದೆ, ಮೇ ಮತ್ತು ಜೂನ್ ವೇಳೆಗೆ ಕರಿನೇರಳೆ ಬಣ್ಣದ ಹುಳಿಸಿಹಿ ಹಣ್ಣಾಗುತ್ತದೆ. ಬೇಸಿಗೆಯ ಕೊನೆಯಲ್ಲಿ ಗುಡ್ಡದಂಚಿನ ಊರುಗಳವರು ಬುಟ್ಟಿಯಲ್ಲಿ ತುಂಬಿ ತಂದು ಸಂತೆಗಳಲ್ಲಿ ಮಾರುತ್ತಾರೆ. ಹೂಬಿಡುವಾಗ ಬೆಂಕಿ ಬಿದ್ದರೆ ಆ ವರ್ಷದ ಹಣ್ಣೂ ಇಲ್ಲ, ಅದರಿಂದ ಬರುವ ನಾಲ್ಕು ಕಾಸೂ ಇಲ್ಲ.

ತಂಗಡಿಕೆ ಅಥವಾ ಆವರಿಕೆ ವರ್ಷದ ಬಹುಕಾಲ ಹಳದಿ ಹೂ ಬಿಡುವ ಗಿಡ. ಬಂಜರು ನೆಲ, ಕಲ್ಲುಬದು, ರಸ್ತೆಯಂಚು ಎಲ್ಲೆಡೆಯೂ ಬೆಳೆಯುತ್ತದೆ. ದನಕರುಗಳು ಸಾಮಾನ್ಯವಾಗಿ ಮೇಯದಿರುವುದು ಇದರ ಉಳಿವಿಗೆ ಒಂದು ಕಾರಣ. ತೊಗಟೆಯನ್ನು ತೊಗಲು ಹದಮಾಡಲು ಬಳಸುತ್ತಿದ್ದರು. ಹೂವಿನಲ್ಲಿ ಮಕರಂದವಿಲ್ಲ. ಮರಕೊರಕ ದುಂಬಿಗಳು ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಕೇಸರಗಳಿಂದ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಹತ್ತಿರ ನಿಂತರೆ ಆ ಗುಂಯ್‌ಗುಡುವಿಕೆ ಕೇಳಿಸುತ್ತದೆ. ತೆಲಂಗಾಣವು ಇದನ್ನು ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ.

ಬಂದರಿಕೆಯ ಗಿಡಗಳು ವಸಂತದಲ್ಲಿ ಕೆಂಪುಹೂ ಬಿಟ್ಟಂತೆ ಕಾಣುವುದು ಕಣ್ಣಿನ ಭ್ರಮೆ. ಕೆಂಪಾಗಿರುವುದು ಹೂವಲ್ಲ, ಕಾಗದದಂತೆ ತೆಳುವಾದ ರೆಕ್ಕೆಗಳುಳ್ಳ ಕಾಯಿ. ನಿಜವಾದ ಹೂವಿಗೆ ದಳಗಳೇ ಇಲ್ಲ. ಪರಾಗಸ್ಪರ್ಶ ಗಾಳಿಯಿಂದ ಆಗುತ್ತದೆ. ಸವೆದ ಇಳಿಜಾರಿನ ಮಣ್ಣನ್ನು ಹಿಡಿದಿಡುವಲ್ಲಿ ಈ ಗಿಡದ ಪಾತ್ರ ದೊಡ್ಡದು.

ಭರಣಿ, ಕೃತ್ತಿಕಾ ಮಳೆಗಳು ಒಂದೆರಡು ಬಾರಿ ಬಿದ್ದೊಡನೆ ಕಾರೆ ಮತ್ತು ಬಿಕ್ಕೆ ಗಿಡಗಳು ಅರಳುತ್ತವೆ. ಎರಡರ ಹೂವೂ ಮೊದಲು ಬಿಳಿ, ಬಾಡುವ ಹೊತ್ತಿಗೆ ಹಳದಿ. ಒಂದೇ ಗಿಡದಲ್ಲಿ ಎರಡು ಬಣ್ಣದ ಹೂಗಳೆಂದು ಭಾವಿಸುವವರಿದ್ದಾರೆ.

ಹೊರಗಿನಿಂದ ಬಂದವು

ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ ಊರುಗಳ ರಸ್ತೆಬದಿಯಲ್ಲಿ ಮೇ ತಿಂಗಳಲ್ಲಿ ಕೆಂಪಗೆ ಅರಳುವ ಗುಲ್‌ಮೊಹರ್ ಮಡಗಾಸ್ಕರ್ ಮೂಲದ್ದು. ಗೊಬ್ಬರದ ಗಿಡವೆಂದು ನೆಡುವ ಗ್ಲಿರಿಸಿಡಿಯ ಮಧ್ಯ ಅಮೆರಿಕದ್ದು. ಅದರ ತಿಳಿಗುಲಾಬಿ ಹೂ ಮುತ್ತುಗಕ್ಕಿಂತಲೂ ಮೊದಲು ಕಾಣಿಸಿಕೊಳ್ಳುತ್ತದೆ. ಇವೆರಡೂ ನೆಟ್ಟ ಕಡೆ ನಿಲ್ಲುವಂಥವು. ಲಂಟಾನದ ಸಂಗತಿ ಬೇರೆ. ಅಲಂಕಾರಕ್ಕೆಂದು ಭಾರತಕ್ಕೆ ಬಂದ ಈ ಪೊದೆ ಹಕ್ಕಿಗಳ ಮೂಲಕ ಬೀಜ ಹರಡಿ, ಕವಳೆ ಮತ್ತು ಕಾರೆಯಂಥ ಸ್ಥಳೀಯ ಪೊದೆಗಳ ಜಾಗವನ್ನು ಕಬಳಿಸುತ್ತದೆ.

ಬೆಂಕಿ

ವಸಂತದ ಹೂವಿಗೆ ದೊಡ್ಡ ಅಪಾಯ ಅದೇ ಋತುವಿನ ಕಾಡ್ಗಿಚ್ಚು. ಗುಡ್ಡದ ತೆರೆದ ಇಳಿಜಾರುಗಳಲ್ಲಿ ಎದೆಯೆತ್ತರಕ್ಕೆ ಬೆಳೆಯುವ ಬಾದೆಹುಲ್ಲು ಸುಗಂಧ ತೈಲವುಳ್ಳದ್ದು. ಫೆಬ್ರವರಿಯ ಹೊತ್ತಿಗೆ ಒಣಗಿನಿಂತ ಈ ಹುಲ್ಲಿಗೆ ಒಂದು ಕಿಡಿ ತಗುಲಿದರೆ ಸಾಕು, ಗುಡ್ಡದ ಮೇಲೆ ಸದಾ ಬೀಸುವ ಗಾಳಿ ಬೆಂಕಿಯನ್ನು ಒಯ್ಯುತ್ತದೆ. ಇಂತಹ ಕಾಡಿನಲ್ಲಿ ತಾನಾಗಿ ಬೆಂಕಿ ಹುಟ್ಟುವುದು ಅಪರೂಪ. ಹೊಸ ಹುಲ್ಲು ಚಿಗುರಲೆಂದು ಹಚ್ಚುವುದು ಮತ್ತು ಬೀಡಿ-ಸಿಗರೇಟಿನ ತುಂಡು ಎಸೆಯುವುದು ಸಾಮಾನ್ಯ ಕಾರಣಗಳು. ಮುತ್ತುಗದಂಥ ದಪ್ಪ ತೊಗಟೆಯ ಮರಗಳು ತಾಳಿಕೊಂಡು ಬುಡದಿಂದ ಮತ್ತೆ ಚಿಗುರುತ್ತವೆ. ಎಳೆಯ ಗಂಧದ ಗಿಡಗಳಿಗೂ ತೆಳು ತೊಗಟೆಯ ಸಸಿಗಳಿಗೂ ಆ ಶಕ್ತಿಯಿಲ್ಲ. ವರ್ಷ ವರ್ಷವೂ ಸುಟ್ಟ ಇಳಿಜಾರಿನಲ್ಲಿ ಮರಗಳು ಕಡಿಮೆಯಾಗಿ ಹುಲ್ಲೇ ಹೆಚ್ಚುತ್ತದೆ. ಹುಲ್ಲು ಹೆಚ್ಚಿದಷ್ಟೂ ಮುಂದಿನ ಬೆಂಕಿ ದೊಡ್ಡದಾಗುತ್ತದೆ. ಇದನ್ನು ತಡೆಯಲು ಅರಣ್ಯ ಇಲಾಖೆಯು ಬೇಸಿಗೆಗೆ ಮುನ್ನ ಹುಲ್ಲು ಸವರಿ ಬೆಂಕಿರೇಖೆಗಳನ್ನು ನಿರ್ಮಿಸುತ್ತದೆ.

ಸಂರಕ್ಷಣೆ

ಅದಿರು ಮತ್ತು ಹಸಿರು ಒಂದೇ ಗುಡ್ಡದಲ್ಲಿರುವುದರಿಂದ ಕಪ್ಪತಗುಡ್ಡದ ಕಾನೂನುಸ್ಥಿತಿ ಹಲವು ಬಾರಿ ಬದಲಾಯಿತು. 2015ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರವು ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. 2016ರ ನವೆಂಬರ್‌ನಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. ಚಿನ್ನದ ಗಣಿಗಾರಿಕೆಗೆ ದಾರಿ ಮಾಡಿಕೊಡುವ ಕ್ರಮವಿದು ಎಂಬ ವಿರೋಧ ಜಿಲ್ಲೆಯಾದ್ಯಂತ ವ್ಯಕ್ತವಾಯಿತು. 2017ರ ಆರಂಭದಲ್ಲಿ ಗದಗದಲ್ಲಿ ಧರಣಿ ನಡೆಯಿತು. ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಹೋರಾಟದ ಮುಂಚೂಣಿಯಲ್ಲಿದ್ದರು. 2011ರಲ್ಲಿ ಹಳ್ಳಿಗುಡಿಯ ಬಳಿ ಉದ್ದೇಶಿಸಿದ್ದ ಪೋಸ್ಕೊ ಉಕ್ಕಿನ ಕಾರ್ಖಾನೆಯ ವಿರುದ್ಧದ ಚಳವಳಿಗೂ ಅವರೇ ನೇತೃತ್ವ ವಹಿಸಿದ್ದರು. 2017ರ ಏಪ್ರಿಲ್‌ನಲ್ಲಿ ಸಂರಕ್ಷಿತ ಸ್ಥಾನವನ್ನು ಮರಳಿ ನೀಡಲಾಯಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ಪ್ರದೇಶವು ಕಪ್ಪತಗುಡ್ಡ ವನ್ಯಜೀವಿ ಅಭಯಾರಣ್ಯವಾಯಿತು. ಅದನ್ನು ನೋಡಲು ಸ್ವಾಮೀಜಿಯವರು ಇರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು.

ಅಭಯಾರಣ್ಯದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಗಿಡ, ಬೇರು, ತೊಗಟೆ ಮುಂತಾದ ಅರಣ್ಯೋತ್ಪನ್ನಗಳನ್ನು ತೆಗೆಯುವುದು ಅಪರಾಧ. ಅಭ್ಯಾಸಕ್ಕಾಗಿ ಸಸ್ಯಮಾದರಿ ಸಂಗ್ರಹಿಸುವ ವಿದ್ಯಾರ್ಥಿಗಳಿಗೂ ಈ ನಿಯಮ ಅನ್ವಯವಾಗುತ್ತದೆ.

ನೋಡುವ ಕಾಲ

ಕಪ್ಪತ ಮಲ್ಲೇಶ್ವರನ ದರ್ಶನಕ್ಕೂ ಹಸಿರನ್ನು ನೋಡಲೂ ಹೆಚ್ಚಿನವರು ಬರುವುದು ಮಳೆಗಾಲದಲ್ಲಿ. ಹೂಗಳನ್ನು ನೋಡಬೇಕೆಂದರೆ ಮಾರ್ಚ್ ಮೊದಲ ಎರಡು ವಾರಗಳು ಮುತ್ತುಗಕ್ಕೆ, ಯುಗಾದಿಯ ಆಸುಪಾಸು ಬೇವು ಮತ್ತು ಕವಳೆಗೆ, ಮೇ ತಿಂಗಳ ಮೊದಲ ಮೂರು ವಾರಗಳು ಕಕ್ಕೆ ಹಾಗೂ ತುಗ್ಗಲಿಗೆ ಸೂಕ್ತ. ಬಿಸಿಲು ಏರುವ ಮುನ್ನ, ಬೆಳಿಗ್ಗೆ ಒಂಬತ್ತರೊಳಗೆ, ಹಕ್ಕಿಗಳೂ ಮರಗಳಲ್ಲಿರುತ್ತವೆ. ಅಡ್ಡಮಳೆ ಬೇಗ ಬಂದ ವರ್ಷ ಈ ಲೆಕ್ಕ ಒಂದೆರಡು ವಾರ ಹಿಂದುಮುಂದಾಗುತ್ತದೆ.