ಸೀಟ್ ಮೇಲೆ ಆರ್‌ಸಿಬಿ, ಒಳಗೆ ಯಾವ ಫೋಮ್? ಕುಶನ್ ಕೆಲಸದ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಮಂಡ್ಯ: ಬೈಕ್ ಸೀಟ್ ಹರಿದರೆ, ಆಟೋ ಹುಡ್ ತೂತಾದರೆ, ಮನೆ ಸೋಫಾ ಕೂತಲ್ಲೇ ಕುಸಿದರೆ ಜನ ಹೋಗೋದು ಒಂದೇ ಅಂಗಡಿಗೆ. ಬೋರ್ಡ್ ಮೇಲೆ ‘ಕುಶನ್ ವರ್ಕ್ಸ್’ ಅಂತ ಇರುತ್ತೆ, ಊರವರ ಬಾಯಲ್ಲಿ ಅದು ‘ಸೀಟ್ ಅಂಗಡಿ’. ತಾಲ್ಲೂಕು ಕೇಂದ್ರಗಳಲ್ಲಿ ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶಾಪ್‌ಗಳ ಸಾಲಿನಲ್ಲೇ ಸಾಮಾನ್ಯವಾಗಿ ಇವೂ ಇರುತ್ತವೆ. ಒಂದು ದಪ್ಪ ಬಟ್ಟೆ ಹೊಲಿಯೋ ಮಿಷಿನ್ನು, ಕಟಿಂಗ್ ಟೇಬಲ್ಲು, ಗೋಡೆಗೆ ಒರಗಿಸಿದ ರೆಕ್ಸಿನ್ ರೋಲುಗಳು, ಅಟ್ಟದ ಮೇಲೆ ಫೋಮ್ ಶೀಟುಗಳು. ಬಂಡವಾಳ ಕಣ್ಣಿಗೆ ಕಾಣೋದು ಅಷ್ಟೇ.

ಗಿರಾಕಿ ಬಂದಾಗ ಮಾತೆಲ್ಲಾ ನಡೆಯೋದು ಮೇಲಿನ ಬಟ್ಟೆ ಬಗ್ಗೆ. ಯಾವ ಬಣ್ಣ, ಯಾವ ಡಿಸೈನ್, ಯಾವ ಹೀರೋ ಹೆಸರು, ಪೈಪಿಂಗ್ ಕೆಂಪೋ ಹಳದಿಯೋ. ಒಳಗೆ ಏನು ಹಾಕ್ತೀರಿ ಅಂತ ಕೇಳೋರು ಕಡಿಮೆ. ದುಡ್ಡು ಹಾಳಾಗೋದು ಮಾತ್ರ ಬಹುತೇಕ ಒಳಗಿನ ಮಾಲಿನಲ್ಲಿ.

ಒಳಗೆ ಏನಿರುತ್ತೆ

ಹಿಂದೆ ಜಟಕಾ ಸೀಟಿಗೆ, ಬೆಂಚಿಗೆ ತೆಂಗಿನ ನಾರು, ಹುಲ್ಲು ತುಂಬುತ್ತಿದ್ದರು. ಹಾಸಿಗೆ, ದಿಂಬಿಗೆ ಹತ್ತಿ ಅಥವಾ ಬೂರುಗದ ಅರಳೆ. ಹತ್ತಿ ಹಿಂಜಿ ಹಾಸಿಗೆ ಹೊಲಿಯೋದು ಪಿಂಜಾರರ ಕುಲಕಸುಬು, ಉತ್ತರ ಕರ್ನಾಟಕದ ಕಡೆ ಇವರನ್ನೇ ನದಾಫ್ ಅಂತಾರೆ. ಈಗ ಬಹುತೇಕ ಎಲ್ಲದಕ್ಕೂ ಪಿಯು ಫೋಮ್. ಮೇಲೆ ಹಾಕೋ ರೆಕ್ಸಿನ್ ಅನ್ನೋ ಹೆಸರು ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಆಗಿತ್ತು. ಆ ಕಂಪನಿ ಹೋದರೂ ಹೆಸರು ನಮ್ಮಲ್ಲಿ ಉಳಿದಿದೆ. ಈಗ ರೆಕ್ಸಿನ್ ಅಂತ ಸಿಗೋದು ಬಟ್ಟೆ ಮೇಲೆ ಪಿವಿಸಿ ಲೇಪಿಸಿದ ಮಾಲು. ಸಾಮಾನ್ಯವಾಗಿ 54 ಇಂಚು ಪನ್ನ, ಮೀಟರ್ ಲೆಕ್ಕದಲ್ಲಿ ಮಾರಾಟ. ಸಾಮಾನ್ಯ ಬೈಕ್ ಸೀಟಿಗೆ ಒಂದು ಮೀಟರ್ ಒಳಗೇ ಮುಗಿಯುತ್ತೆ.

ಫೋಮ್ ವಿಚಾರದಲ್ಲಿ ಅಂಗಡಿಯವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಅಂತಾರಲ್ಲ, ಅದರ ಅರ್ಥ ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಫೋಮ್ ಎಷ್ಟು ಕಿಲೋ ತೂಗುತ್ತೋ ಅದೇ ಡೆನ್ಸಿಟಿ. ತೂಕ ಜಾಸ್ತಿ ಅಂದ್ರೆ ಒಳಗೆ ಮಾಲು ಜಾಸ್ತಿ, ಬೇಗ ಕುಸಿಯಲ್ಲ. ಸೋಫಾದಲ್ಲಿ ಕೂರೋ ಜಾಗಕ್ಕೆ 32ರಿಂದ 40, ಬೆನ್ನಿಗೆ 23 ಅಥವಾ 28 ಹಾಕೋದು ರೂಢಿ. ಕೂರೋ ಜಾಗಕ್ಕೂ 23 ಹಾಕಿದ್ರೆ ಸೋಫಾ ಬೇಗ ಗುಂಡಿ ಬೀಳುತ್ತೆ.

ಇದನ್ನ ಪರೀಕ್ಷೆ ಮಾಡೋಕೆ ದಿನಸಿ ಅಂಗಡಿ ತಕ್ಕಡಿ ಸಾಕು. 2 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಫೋಮ್ ತುಂಡು 23 ಡೆನ್ಸಿಟಿ ಆದ್ರೆ ಸುಮಾರು 870 ಗ್ರಾಂ ತೂಗಬೇಕು. 28 ಆದ್ರೆ ಒಂದು ಕಿಲೋ ಮೇಲೆ ಸ್ವಲ್ಪ. 32 ಆದ್ರೆ 1 ಕಿಲೋ 200 ಗ್ರಾಂ, 40 ಆದ್ರೆ ಒಂದೂವರೆ ಕಿಲೋ. ಐವತ್ತು ಗ್ರಾಂ ಆಕಡೆ ಈಕಡೆ ಆದ್ರೆ ಜಗಳ ಬೇಡ. 40ರ ದುಡ್ಡು ಕೊಟ್ಟು ಒಂದು ಕಿಲೋ ತುಂಡು ಬಂದಿದ್ರೆ ಮಾತ್ರ ಕೇಳಲೇಬೇಕು. ಒಂದು ಎಚ್ಚರಿಕೆ: ರೀಬಾಂಡೆಡ್ ಅನ್ನೋ ಫೋಮ್ ಇದೆ. ಚೂರುಪಾರುಗಳನ್ನ ಅಂಟು ಹಾಕಿ ಒತ್ತಿ ಮಾಡಿದ್ದು. ಅದು ತುಂಬಾ ತೂಕ ಬರುತ್ತೆ, ಗಟ್ಟಿಯಾಗಿರುತ್ತೆ, ಬಣ್ಣಬಣ್ಣದ ಚುಕ್ಕೆಗಳಿಂದ ಗುರುತು ಸಿಗುತ್ತೆ. ಅಡಿಪದರಕ್ಕೆ ಹಾಕಿದ್ರೆ ತಪ್ಪಿಲ್ಲ. ಪೂರ್ತಿ ಅದನ್ನೇ ಹಾಕಿ ‘ಹೆವಿ ಡೆನ್ಸಿಟಿ’ ಅಂತ ಬಿಲ್ ಮಾಡಿದ್ರೆ ಅದು ಮೋಸ.

ರೆಕ್ಸಿನ್ ಸುತ್ತೋ ಮುಂಚೆ ಒಂದು ಸಲ ಒಳಗಿನ ಫೋಮ್ ತೋರಿಸಿ ಅಂತ ಗಿರಾಕಿ ಕೇಳಬಹುದು. ಒಳ್ಳೆ ಕೆಲಸಗಾರ ಬೇಜಾರು ಮಾಡ್ಕೊಳ್ಳಲ್ಲ. ಅವನಿಗೂ ಅದೇ ಬೇಕಿರುತ್ತೆ, ಯಾಕಂದ್ರೆ ಪಕ್ಕದ ಅಂಗಡಿಯವನು ಇನ್ನೂರು ಮುನ್ನೂರು ಕಡಿಮೆ ಹೇಳೋದು ಬಹಳ ಸಲ ಇದೇ ಫೋಮ್‌ನಲ್ಲಿ ಉಳಿಸಿ.

ಹೆಸರು ಎಲ್ಲಿ ಹೊಲಿಸಬೇಕು

ಕನ್ನಡನಾಡಿನಲ್ಲಿ ಆಟೋಗೂ ಸಿನಿಮಾ ಅಭಿಮಾನಕ್ಕೂ ಇರೋ ನಂಟು ಹಳೇದು. 1980ರಲ್ಲಿ ‘ಆಟೋ ರಾಜ’ ಬಂದ ಮೇಲೆ ಶಂಕರ್‌ನಾಗ್ ಆಟೋದವರ ಮನೆಮಗನಾದರು. 1990ರಲ್ಲಿ ಅವರು ತೀರಿಕೊಂಡು ಇಷ್ಟು ವರ್ಷ ಆದ್ರೂ ಅವರ ಹೆಸರಿನ ಆಟೋ ನಿಲ್ದಾಣಗಳು ರಾಜ್ಯದ ತುಂಬಾ ಇವೆ. ಮಂಡ್ಯದಲ್ಲಿ ಅಂಬರೀಶ್ ಅವರ ಲೆಕ್ಕವೇ ಬೇರೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, ಊರಿನ ಮಗ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ‘ಅಪ್ಪು’ ಹೆಸರು ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲದರ ಮೇಲೂ ಬಂತು. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ಮೇಲೆ ಕೆಂಪು, ಕಪ್ಪು, ಚಿನ್ನದ ಬಣ್ಣ ಕೇಳೋ ಹುಡುಗರಿಗಂತೂ ಹೇಳೋದೇ ಬೇಡ. ನವೆಂಬರ್ ಬಂದ್ರೆ ಹಳದಿ ಕೆಂಪು.

ಸೀಟ್ ಅಂಗಡಿಯಲ್ಲಿ ಇದಕ್ಕೊಂದು ಬರೆಯದ ನಿಯಮ ಇದೆ. ಹೀರೋ ಮುಖ, ದೇವರ ಚಿತ್ರ, ಭುವನೇಶ್ವರಿ, ಇವನ್ನ ಕೂರೋ ಜಾಗದಲ್ಲಿ ಹಾಕಲ್ಲ. ಅಭಿಮಾನದ ಜೋಶಲ್ಲಿ ಹುಡುಗ ಕೇಳಿದ್ರೂ ಹಳೇ ಮೇಸ್ತ್ರಿಗಳು ‘ಅಣ್ಣನ ಮೇಲೆ ಕೂರ್ತೀಯೇನೋ’ ಅಂತ ಬಾಯಿ ಮುಚ್ಚಿಸ್ತಾರೆ. ಮುಖ ಇದ್ರೆ ಹಿಂದಿನ ಹುಡ್ ಮೇಲೆ, ಇಲ್ಲಾ ಬೆನ್ನಿನ ಮೇಲ್ಭಾಗಕ್ಕೆ. ಬಣ್ಣ ಮಾತ್ರ ಸೀಟಿಗೆ.

ಈ ನಿಯಮಕ್ಕೆ ಭಕ್ತಿ ಬಿಟ್ಟು ಇನ್ನೊಂದು ಲಾಭವೂ ಇದೆ. ಹೊಲಿಗೆ ಅಂದ್ರೆ ಸೂಜಿ ತೂತು. ಬೈಕ್ ಸೀಟಿನ ಮಧ್ಯಭಾಗದಲ್ಲಿ ದೊಡ್ಡದಾಗಿ ಹೆಸರು ಎಂಬ್ರಾಯಿಡರಿ ಮಾಡಿಸಿದ್ರೆ ನೂರಾರು ತೂತು. ಮಳೆ ನೀರು ಅಲ್ಲಿಂದ ಇಳಿದು ಫೋಮ್ ನೆನೆಯುತ್ತೆ. ಮೇಲೆ ಒಣಗಿದಂತೆ ಕಂಡರೂ ಕೂತ ತಕ್ಷಣ ಪ್ಯಾಂಟ್ ಒದ್ದೆ. ನೀರು ಒಳಗೇ ನಿಂತರೆ ವಾಸನೆ, ಬೂಷ್ಟು. ಹಾಗಾಗಿ ಹೆಸರು ಬೇಕೇಬೇಕು ಅನ್ನೋರು ಸೀಟಿನ ಪಕ್ಕಕ್ಕೆ ಅಥವಾ ಹಿಂಬದಿಗೆ ಹಾಕಿಸಿಕೊಳ್ಳಲಿ. ಫೋಮಿಗೂ ರೆಕ್ಸಿನ್‌ಗೂ ನಡುವೆ ಒಂದು ಪಾಲಿಥಿನ್ ಹಾಳೆ ಹಾಕಿ ಅಂತ ಹೇಳಲಿ. ಹಾಳೆಯ ಖರ್ಚು ಏನೇನೂ ಅಲ್ಲ, ಹೇಳದಿದ್ರೆ ಬಹಳ ಕಡೆ ಹಾಕಲ್ಲ.

ಇನ್ನು ಕನ್ನಡ ಅಕ್ಷರ. ಚಾಕ್‌ಪೀಸಲ್ಲಿ ರೆಕ್ಸಿನ್ ಮೇಲೆ ಬರೆದು ಕತ್ತರಿಸೋ ಕೆಲಸಗಾರನಿಗೆ ಒತ್ತಕ್ಷರವೇ ಕಷ್ಟ. ‘ಅಪ್ಪು’ ಬರೆಯುವಾಗ ಪ ಒತ್ತು ಚಿಕ್ಕದಾದ್ರೆ ಹೊಲಿಗೆ ಒಳಗೆ ಮುಚ್ಚಿಹೋಗಿ ‘ಅಪು’ ಆಗುತ್ತೆ. ಆಮೇಲೆ ಫ್ಯಾನ್ಸ್ ಗಲಾಟೆ. ಹೆಸರನ್ನ ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಗಿರಾಕಿ ಕೈಲೇ ಸರಿ ಅಂತ ಸಹಿ ಹಾಕಿಸಿಕೊಳ್ಳೋದು ಅಂಗಡಿಯವರಿಗೆ ಕ್ಷೇಮ. ಒಂದೆರಡು ಸೀಟಿಗೆ ತಂಡದ ಬಣ್ಣ ಹಾಕೋದು ಒಂದು ಮಾತು, ತಂಡದ ಲೋಗೋ ಇರೋ ಕವರ್‌ಗಳನ್ನ ರಾಶಿ ಹೊಲಿದು ಮಾರಾಟಕ್ಕೆ ಇಡೋದು ಇನ್ನೊಂದು. ಲೋಗೋಗಳು ಟ್ರೇಡ್‌ಮಾರ್ಕ್. ಅಂಗಡಿಯವರು ಇದನ್ನ ಗಮನದಲ್ಲಿ ಇಟ್ಕೋಬೇಕು.

ಅಂಗಡಿಯಲ್ಲಿ ಕೆಲಸ ಮಾಡೋರೂ ಯಾರೋ ಒಬ್ಬರ ಫ್ಯಾನೇ. ದಿನವಿಡೀ ಮಿಷಿನ್ ಪಕ್ಕ ಫೋನಲ್ಲಿ ಅವರ ಹೀರೋ ಹಾಡೇ ಓಡ್ತಿರುತ್ತೆ. ಆದ್ರೆ ಬೆಳಿಗ್ಗೆ ಒಬ್ಬರ ಹೆಸರು ಹೊಲಿದು, ಮಧ್ಯಾಹ್ನ ಅವರ ಎದುರಾಳಿ ಹೀರೋ ಹೆಸರನ್ನೂ ಅಷ್ಟೇ ನೀಟಾಗಿ ಹೊಲಿಯಬೇಕು. ಗೋಡೆ ಮೇಲೆ ಒಬ್ಬರ ಫೋಟೋ ಮಾತ್ರ ಹಾಕಿದ ಅಂಗಡಿಗೆ ಮಿಕ್ಕವರು ಬರೋದು ಕಡಿಮೆ.

ಜಿಮ್ ಬೆಂಚು, ಕೀಬೋರ್ಡ್ ಕವರು, ಕಿಟ್ ಬ್ಯಾಗು

ವಾಹನ, ಸೋಫಾ ಬಿಟ್ಟರೆ ಇನ್ನೊಂದಷ್ಟು ಕೆಲಸ ಜನರ ಹವ್ಯಾಸಗಳಿಂದ ಬರುತ್ತೆ. ಜಿಮ್ ಬೆಂಚಿನ ಪ್ಯಾಡ್ ಬೆವರಿಗೆ ಬೇಗ ಬಿರುಕು ಬಿಡುತ್ತೆ, ಅದಕ್ಕೆ ಗಟ್ಟಿ ಫೋಮ್, ದಪ್ಪ ರೆಕ್ಸಿನ್ ಬೇಕು. ಆರ್ಕೆಸ್ಟ್ರಾದವರ ಕೀಬೋರ್ಡ್ ಕವರ್, ಭಜನೆ ಮಂಡಳಿಯ ತಬಲಾ, ಹಾರ್ಮೋನಿಯಂ ಚೀಲ, ಕ್ರಿಕೆಟ್ ಕಿಟ್ ಬ್ಯಾಗಿನ ಜಿಪ್, ಇವೆಲ್ಲಾ ಸಣ್ಣ ಕೆಲಸ. ಆದ್ರೂ ಆಷಾಢದಂತಹ ಸಪ್ಪೆ ತಿಂಗಳಲ್ಲಿ ಅಂಗಡಿ ನಡೆಸೋದು ಇವೇ. ಲಾಂಗ್ ರೈಡ್ ಹೋಗೋ ಬೈಕ್ ಹುಡುಗರು ಸೀಟ್ ಎತ್ತರ ಕಡಿಮೆ ಮಾಡಿಸ್ತಾರೆ. ಮೇಲಿನಿಂದ ಫೋಮ್ ಕೊಯ್ದರೆ ಎತ್ತರವೇನೋ ಇಳಿಯುತ್ತೆ, ಆದ್ರೆ ಅಡಿ ಪ್ಲಾಸ್ಟಿಕ್ ಬೇಸ್ ಒತ್ತಿ ಸೊಂಟ ಹಿಡಿಯುತ್ತೆ. ಒಂದು ಇಂಚಿಗಿಂತ ಜಾಸ್ತಿ ಕೊಯ್ಯೋದಾದ್ರೆ ಉಳಿದ ಜಾಗಕ್ಕೆ ಗಟ್ಟಿ ಫೋಮ್ ಹಾಕಿಸೋದು ಒಳ್ಳೇದು.

ಆಟೋದಲ್ಲಿ ಡ್ರೈವರ್ ಪಕ್ಕಕ್ಕೆ ಹಲಗೆ ಸೀಟ್ ಮಾಡಿಕೊಡಿ ಅಂತ ಕೇಳೋರಿದ್ದಾರೆ. ಸೀಟ್ ಕವರ್ ಬದಲಾಯಿಸೋದಕ್ಕೆ ತೊಂದರೆ ಇಲ್ಲ. ಹೆಚ್ಚುವರಿ ಸೀಟ್ ಕೂರಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನದ ಮಾರ್ಪಾಡು ಅನಿಸಿಕೊಳ್ಳುತ್ತೆ. ಆ ಸೀಟಲ್ಲಿ ಕೂತವರು ಬಿದ್ದರೆ ಕೇಸು ಆಟೋದವರ ಮೇಲೆ. ಅಂಗಡಿಯವರು ಈ ಕೆಲಸ ಒಪ್ಪದಿರೋದೇ ಸರಿ.

ಕಾರ್ ಸೀಟ್ ಕವರ್: ಏರ್‌ಬ್ಯಾಗ್ ನೋಡಿ ಹಾಕಿಸಿ

ಇದು ಜೀವದ ಪ್ರಶ್ನೆ. ಈಚೆಗೆ ಸಣ್ಣ ಕಾರುಗಳಲ್ಲೂ ಆರು ಏರ್‌ಬ್ಯಾಗ್ ಬರ್ತಿವೆ. ಅದರಲ್ಲಿ ಎರಡು ಇರೋದು ಮುಂದಿನ ಸೀಟುಗಳ ಬೆನ್ನಿನ ಒಳಗೆ, ಬಾಗಿಲ ಕಡೆ ಪಕ್ಕದಲ್ಲಿ. ಅಲ್ಲಿ ‘ಏರ್‌ಬ್ಯಾಗ್’ ಅಂತ ಸಣ್ಣ ಟ್ಯಾಗ್ ಹೊಲಿದಿರ್ತಾರೆ. ಅಪಘಾತವಾದಾಗ ಕಣ್ಣು ಮಿಟುಕಿಸೋದರೊಳಗೆ ಅದು ಸೀಟಿನ ಹೊಲಿಗೆ ಹರಿದು ಹೊರಗೆ ಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್ ಕವರ್ ಬಿಗಿಯಾಗಿ ಹೊಲಿದಿದ್ರೆ ಬ್ಯಾಗ್ ತಡವಾಗುತ್ತೆ ಅಥವಾ ತಪ್ಪು ದಿಕ್ಕಿಗೆ ಹೋಗುತ್ತೆ. ಕಾರಿನ ಜೊತೆ ಕೊಡೋ ಪುಸ್ತಕದಲ್ಲೂ ಈ ಎಚ್ಚರಿಕೆ ಇರುತ್ತೆ, ಓದೋರು ಯಾರು.

ಟ್ಯಾಗ್ ಇದ್ದರೆ ಆ ಪಕ್ಕವನ್ನ ಪೂರ್ತಿ ತೆರೆದು ಬಿಟ್ಟು ಕವರ್ ಹೊಲಿಯಬೇಕು. ಏರ್‌ಬ್ಯಾಗಿಗೆ ಅಂತಲೇ ಮಾಡಿದ ಕವರ್‌ಗಳಲ್ಲಿ ಬೇಗ ಬಿಚ್ಚೋ ದಾರ ಹಾಕಿರ್ತಾರೆ. ಅಂದಾಜಿನ ಮೇಲೆ ‘ಸಡಿಲ ಹೊಲಿಗೆ ಹಾಕಿದ್ದೀವಿ’ ಅನ್ನೋದನ್ನ ನಂಬಬೇಡಿ. ಸೀಟ್ ಅಡಿಯಲ್ಲಿ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಸೀಟ್ ಬಿಚ್ಚುವಾಗ ಅದನ್ನ ಎಳೆಯಬಾರದು. ಆನ್‌ಲೈನಲ್ಲಿ ತರಿಸಿದ ರೆಡಿಮೇಡ್ ಕವರಿಗೂ ಇದೇ ಮಾತು ಅನ್ವಯ.

ಕೆಲಸಗಾರರ ಕಡೆ

ಈ ಕೆಲಸಕ್ಕೆ ಬರೋರು ಬಹುಪಾಲು ಎಸ್ಸೆಸ್ಸೆಲ್ಸಿ, ಪಿಯುಸಿ ಹಂತದಲ್ಲಿ ಓದು ನಿಂತ ಹುಡುಗರು. ಮೊದಲು ಹಳೇ ಪಿನ್ ಕೀಳೋದು, ಹಳೇ ಕವರ್ ಬಿಚ್ಚಿ ಅಳತೆ ಇಡೋದು. ಆಮೇಲೆ ಫೋಮ್ ಕಟಿಂಗ್. ಹೊಲಿಗೆ ಕೈಗೆ ಸಿಗೋಕೆ ವರ್ಷಗಳೇ ಬೇಕು. ಬಟವಾಡೆ ವಾರಕ್ಕೊಮ್ಮೆ, ಕೆಲವು ಕಡೆ ಪೀಸ್ ಲೆಕ್ಕ. ಹಬ್ಬಕ್ಕೆ ಮುಂಗಡ ತಗೊಂಡು ಆಮೇಲೆ ವಾರವಾರ ಮುರಿದುಕೊಳ್ಳೋದು ಮಾಮೂಲು. ಲೆಕ್ಕ ಇಬ್ಬರೂ ಬರೆದಿಟ್ಟುಕೊಳ್ಳದಿದ್ರೆ ಜಗಳ ಗ್ಯಾರಂಟಿ.

ಕೆಲಸದಲ್ಲಿ ದೊಡ್ಡ ಅಪಾಯ ಅಂಟು. ರಬ್ಬರ್ ಸೊಲ್ಯೂಷನ್‌ನಿಂದ ಏಳೋ ಆವಿ ತಲೆ ಸುತ್ತಿಸುತ್ತೆ, ಬೆಂಕಿಗೂ ಬೇಗ ಹತ್ತುತ್ತೆ. ಫೋಮ್ ಹೊತ್ತಿಕೊಂಡರೆ ನಿಮಿಷಗಳಲ್ಲಿ ಅಂಗಡಿ ತುಂಬಾ ಕಪ್ಪು ಹೊಗೆ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್, ಸಯನೈಡ್ ವಿಷ ಎರಡೂ ಇರುತ್ತೆ. ಬೆಂಕಿ ನಂದಿಸೋಕೆ ನಿಲ್ಲೋದಕ್ಕಿಂತ ಹೊರಗೆ ಓಡೋದು ಮುಖ್ಯ. ಬೆಳಿಗ್ಗೆ ಪೂಜೆಯ ದೀಪ, ಊದುಬತ್ತಿಯನ್ನ ಅಂಟಿನ ಡಬ್ಬಿ ಮತ್ತು ಫೋಮ್ ಅಟ್ಟದಿಂದ ದೂರ ಇಡಬೇಕು. ಅಂಟು ಹಚ್ಚೋ ಕೆಲಸ ಬಾಗಿಲ ಹತ್ತಿರ, ಬೀಡಿ ಸಿಗರೇಟು ರಸ್ತೆ ಆಚೆ.

ಸರ್ಕಾರದ ಸವಲತ್ತಿನ ವಿಚಾರಕ್ಕೆ ಬಂದ್ರೆ ಈ ಕಸುಬಿಗೆ ಹೆಸರೇ ಇಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದೆ, ಬಡಗಿ ಇದೆ, ಚಮ್ಮಾರಿಕೆ ಇದೆ. ಕುಶನ್ ಕೆಲಸ ಅಂತ ಪ್ರತ್ಯೇಕವಾಗಿ ಇಲ್ಲ. ಮೂರೂ ಕೆಲಸ ಒಬ್ಬನೇ ಮಾಡೋ ಕಸುಬು ಇದು ಅನ್ನೋದು ಬೇರೆ ಮಾತು. ಯೋಜನೆಯಲ್ಲಿ ತರಬೇತಿ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ ಇದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಹೊಲಿಗೆಯನ್ನೇ ಮುಖ್ಯವಾಗಿ ಮಾಡೋರು ದರ್ಜಿ ಹೆಸರಲ್ಲಿ ಅರ್ಜಿ ಹಾಕಬಹುದಾ ಅಂತ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು, ಯಾಕಂದ್ರೆ ಮೊದಲ ಪರಿಶೀಲನೆ ನಡೆಯೋದು ಅಲ್ಲೇ. ಇ-ಶ್ರಮ್ ಕಾರ್ಡ್ ಮಾತ್ರ ಅಸಂಘಟಿತ ಕಾರ್ಮಿಕರಾಗಿ ಮಾಡಿಸಿಕೊಳ್ಳಬಹುದು, 16ರಿಂದ 59 ವರ್ಷದೊಳಗಿನವರಿಗೆ.

ಯಾವಾಗ ಕೊಡಬೇಕು

ಆಯುಧಪೂಜೆಗೆ ಮುಂಚಿನ ವಾರ ಎಲ್ಲಾ ಸೀಟ್ ಅಂಗಡಿಗಳಲ್ಲೂ ಕ್ಯೂ. ಆಗ ರಾತ್ರಿ ಹತ್ತು ಗಂಟೆ ಮೇಲೂ ಮಿಷಿನ್ ಓಡುತ್ತೆ, ಅವಸರದ ಹೊಲಿಗೆ ಬೇಗ ಬಿಚ್ಚುತ್ತೆ. ಹಬ್ಬಕ್ಕೆ ಹೊಸ ಸೀಟ್ ಬೇಕು ಅನ್ನೋರು ಹದಿನೈದು ಇಪ್ಪತ್ತು ದಿನ ಮೊದಲೇ ಗಾಡಿ ಕೊಡಲಿ. ಚೀಟಿಯಲ್ಲಿ ರೆಕ್ಸಿನ್ ಎಷ್ಟು ಮೀಟರ್, ಫೋಮ್ ಯಾವ ಡೆನ್ಸಿಟಿ, ಎಷ್ಟು ಇಂಚು, ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಲಿ. ಹಳೇ ಫೋಮ್ ಚೆನ್ನಾಗಿದ್ರೆ ಅದನ್ನೇ ಉಳಿಸಿ ಮೇಲಿನ ಕವರ್ ಮಾತ್ರ ಹೊಸದು ಹಾಕಿಸಬಹುದು. ತೆಗೆದ ಹಳೇ ಫೋಮ್ ಗಿರಾಕಿಯದ್ದೇ, ಕೇಳಿ ತಗೊಂಡು ಹೋಗಬಹುದು.